ಬ್ರೇಕ್ ಮೇಷ್ಟ್ರ ಟ್ರಾನ್ಸ್‌ಮಿಟರ್

ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು ತಮ್ಮ ಇಡೀ ವೃತ್ತಿಯಲ್ಲಿ ಬ್ರೇಕಿನ ಮೇಲಿಂದ ಕಾಲು ತೆಗೆದದ್ದು ಒಂದೇ ಒಂದು ಸಲ. ಆ ಒಂದು ಸಲವೇ ಅವರ ಬಳಿ ಕಾರು ಕಲಿಯುತ್ತಿದ್ದ ಸಂಗೀತದ ಟೀಚರು ಕಾರನ್ನು ಹಿಂದಕ್ಕೆ ಬಿಟ್ಟರು.

ಕಲಿಯುವವರ ಪಕ್ಕದಲ್ಲಿ ಕೂತು, ತಮ್ಮ ಕಾಲಡಿ ಇರುವ ಎರಡನೇ ಬ್ರೇಕನ್ನು ತುಳಿಯುತ್ತ "ಬ್ರೇಕ್! ಬ್ರೇಕ್!" ಎಂದು ಕೂಗುವುದೇ ಅವರ ಕೆಲಸ. ಹಾಗಾಗಿ ಊರಿಗೆಲ್ಲ ಅವರು ಬ್ರೇಕ್ ಮೇಷ್ಟ್ರು. ನಿದ್ದೆಯಲ್ಲೂ ಗಂಡನ ಬಲಗಾಲು ಮಂಚದ ಅಂಚನ್ನು ಒತ್ತುತ್ತಿರುತ್ತದೆ ಎಂದು ಹೆಂಡತಿಯೇ ಅಕ್ಕಪಕ್ಕದವರಲ್ಲಿ ಹೇಳಿಕೊಂಡಿದ್ದುಂಟು.

ಆ ಭಾನುವಾರ ಬೆಳಗ್ಗೆ ಪಾಠದ ನಡುವೆ ಮೇಷ್ಟ್ರು ಕೆಳಗಿಳಿದು, ಡಿಕ್ಕಿ ತೆರೆದು, ಒಂದು ಸಾಮಾನನ್ನು ಹೊರತೆಗೆದು ಅದರ ಬ್ಯಾಟರಿ ನೋಡುತ್ತಿದ್ದರು. ಅಷ್ಟರಲ್ಲಿ ಫೋನು ಬಂತು. ಸಾಮಾನನ್ನು ನೆಲದ ಮೇಲಿಟ್ಟು ನೆರಳಿಗೆ ಸರಿದರು. ಸಂಗೀತದ ಟೀಚರಿಗೆ ಸುಮ್ಮನೆ ಕೂರಲು ಬೇಜಾರಾಯಿತು. ಮೇಷ್ಟ್ರು ಬರುವಷ್ಟರಲ್ಲಿ ರಿವರ್ಸ್ ಅಭ್ಯಾಸ ಮಾಡಿ ಶಭಾಷ್ ಅನ್ನಿಸಿಕೊಳ್ಳೋಣ ಎಂದುಕೊಂಡರು.

'ಕರಕ್' ಎಂದಿತು.

"ಮೇಷ್ಟ್ರೇ, ಏನೋ ಸದ್ದು ಬಂತಲ್ಲ?" ಟೀಚರು ಕಿಟಕಿಯಿಂದ ತಲೆ ಹೊರಹಾಕಿದರು.

"ಬಂತಮ್ಮ."

"ಕಾರಿಂದಾನಾ?"

"ಇಲ್ಲ, ನನ್ನ ಎದೆಯಿಂದ."

ಚಕ್ರದಡಿ ಸಿಕ್ಕಿದ್ದು ಅವರ ರೇಸ್ ಕಾರಿನ ಟ್ರಾನ್ಸ್‌ಮಿಟರ್. ತುಳಿದ ಜಿರಳೆಯಂತೆ ಚಪ್ಪಟೆಯಾಗಿ ಬಿದ್ದಿತ್ತು. ಆಂಟೆನಾ ಮಾತ್ರ ಇನ್ನೂ ಮೀಸೆಯ ಹಾಗೆ ಅಲ್ಲಾಡುತ್ತಿತ್ತು.

ರೇಸ್ ಕಾರು ಅಂದರೆ ಕೂತು ಓಡಿಸುವ ಕಾರಲ್ಲ. ಮೊಳದುದ್ದದ, ಮಕ್ಕಳ ಆಟಿಕೆಯಂತೆ ಕಾಣುವ, ಆದರೆ ಹಾಗೆಂದು ಯಾರಾದರೂ ಅಂದರೆ ಮೇಷ್ಟ್ರ ಮುಖ ಕೆಂಪಗಾಗುವಂಥ ಕಾರು. ಮುಚ್ಚಿಹೋದ ಸಾಬೂನು ಕಾರ್ಖಾನೆಯ ಅಂಗಳದಲ್ಲಿ ಪ್ರತಿ ಭಾನುವಾರ ಸಂಜೆ ಊರಿನ ದೊಡ್ಡವರೆಲ್ಲ ಸೇರಿ ಇಂಥ ಕಾರುಗಳನ್ನು ಟ್ರಾನ್ಸ್‌ಮಿಟರೆಂಬ ರಿಮೋಟು ಹಿಡಿದು ದೂರದಿಂದ ಓಡಿಸುತ್ತಿದ್ದರು. ಹಲ್ಲಿನ ಡಾಕ್ಟರು ಸದಾ ಮೊದಲು. ಬ್ರೇಕ್ ಮೇಷ್ಟ್ರು ಸದಾ ಕೊನೆ. ಪ್ರತಿ ತಿರುವಿನಲ್ಲೂ ಅವರ ಬೆರಳು ತಾನಾಗಿಯೇ ಬ್ರೇಕ್ ಒತ್ತುತ್ತಿತ್ತು. ತಿರುವಿಗೆ ಮುಂಚೆಯೂ, ತಿರುವಿನ ನಂತರವೂ, ಕೆಲವೊಮ್ಮೆ ತಿರುವೇ ಇಲ್ಲದ ಕಡೆಯೂ ಒತ್ತುತ್ತಿತ್ತು.

"ಈ ಸಲವೂ ಕೊನೆಗೆ ಬಂದ್ರೆ ನೀವು ಓಡಿಸೋದು ಬೇಡ ಸಾರ್," ಎಂದು ಹೋದ ವಾರ ಕ್ಲಬ್ಬಿನ ಕಾರ್ಯದರ್ಶಿ ನಯವಾಗಿ ಹೇಳಿದ್ದರು. "ಮಗುಚಿ ಬಿದ್ದ ಕಾರುಗಳನ್ನ ಎತ್ತಿ ನಿಲ್ಲಿಸೋಕೆ ಒಬ್ಬರು ಬೇಕಾಗಿದ್ದಾರೆ. ಅದೂ ಗೌರವದ ಕೆಲಸವೇ."

ಇವತ್ತೇ ವರ್ಷದ ಕೊನೆಯ ರೇಸು. ಎಂದೂ ಬಾರದ ಹೆಂಡತಿ ಇವತ್ತು ನೋಡಲು ಬರುವವಳಿದ್ದಳು. ಗಂಡ ಮಗುಚಿದ ಕಾರು ಎತ್ತುವುದನ್ನು ಆಕೆ ನೋಡಬೇಕೆ?

ಮೇಷ್ಟ್ರು ಡಿಕ್ಕಿಯಲ್ಲಿದ್ದ ಸ್ಟೆಪ್ನಿ ಚಕ್ರದ ಸಂದಿಗೆ ಕೈ ಹಾಕಿ ಒಂದು ಪ್ಲಾಸ್ಟಿಕ್ ಕವರು ತೆಗೆದರು. ಹೆಚ್ಚುವರಿ ಪಾಠಗಳಿಂದ ಬಂದ, ಹೆಂಡತಿಗೆ ಗೊತ್ತಿಲ್ಲದ ದುಡ್ಡು ಅದರಲ್ಲಿತ್ತು. "ಆ ಆಟದ ಸಾಮಾನಿಗೆ ಇನ್ನೊಂದು ಕಾಸು ಹಾಕಿದ್ರೆ ನೋಡಿ, ಅದನ್ನೂ ನಿಮ್ಮನ್ನೂ ಒಟ್ಟಿಗೆ ಅಟ್ಟದ ಮೇಲಿಡ್ತೀನಿ," ಎಂದು ಆಕೆ ಹಿಂದೆಯೇ ಘೋಷಿಸಿದ್ದಳು. ಆಕೆ ಹೇಳಿದ್ದನ್ನು ಮಾಡುವ ಹೆಂಗಸು.

ಇಂಥ ಕಾರುಗಳ ಸಾಮಾನು ಮಾರುವ ಅಂಗಡಿಗೆ ಒಬ್ಬರೇ ಹೋಗಿ ಬಂದುಬಿಡಬಹುದಿತ್ತು. ಆದರೆ ಸಂಗೀತದ ಟೀಚರು "ತಪ್ಪು ನನ್ನದು, ನಾನೂ ಬಂದೇ ಬರ್ತೀನಿ" ಎಂದು ಹಟ ಹಿಡಿದು ಕಾರಿನಿಂದ ಇಳಿಯಲೇ ಇಲ್ಲ. ಅಂಗಡಿಯ ಬಾಗಿಲಲ್ಲಿ ಮೊಬೈಲ್ ರಿಪೇರಿ ಮಾಡುವ ಭಾವಮೈದ, ಹೆಂಡತಿಯ ತಮ್ಮ, ಎದುರಾದ. ಇಡೀ ಊರಿನಲ್ಲಿ ಮೇಷ್ಟ್ರು ಯಾರ ಕಣ್ಣಿಗೆ ಬೀಳಬಾರದು ಎಂದುಕೊಂಡಿದ್ದರೋ ಅವನೇ.

"ಏನ್ ಭಾವ, ಟ್ರಾನ್ಸ್‌ಮಿಟರಾ? ನನ್ನನ್ನ ಕರೀದೇ ಬಂದಿದ್ದೀರಲ್ಲ! ನಿಮಗೆ ಇದೆಲ್ಲ ಗೊತ್ತಾಗಲ್ಲ, ನಡೀರಿ."

"ನಿಮ್ಮಕ್ಕನಿಗೆ ಹೇಳಬೇಡ ಕಣಪ್ಪ."

"ನಾನ್ಯಾಕೆ ಹೇಳ್ಲಿ? ಆಯ್ಕೆ ಮಾತ್ರ ನಂದು."

ಅಂಗಡಿಯವನು ಜಾಣ. ಕೊಳ್ಳಲು ಬಂದವರು ಮೂವರಿದ್ದರೆ ಮೂವರಿಗೂ ಒಂದೊಂದು ತೋರಿಸಬೇಕೆಂದು ಅವನಿಗೆ ಗೊತ್ತು. ಗಾಜಿನ ಮೇಜಿನ ಮೇಲೆ ಸಾಲಾಗಿ ಜೋಡಿಸಿದ. "ಇದು ಎರಡು ಕಡ್ಡಿಯದು ಸಾರ್. ಎಡಗೈ ಕಡ್ಡಿ ಓಡೋಕೆ, ಬಲಗೈ ಕಡ್ಡಿ ತಿರುಗಿಸೋಕೆ. ಇದು ಪಿಸ್ತೂಲಿನ ಥರದ್ದು. ಎಡಗೈಯಲ್ಲಿ ಹಿಡ್ಕೊಂಡು ಕುದುರೆ, ಅಂದ್ರೆ ಈ ಟ್ರಿಗರು, ಎಳೆದ್ರೆ ಓಡತ್ತೆ, ಮುಂದಕ್ಕೆ ತಳ್ಳಿದ್ರೆ ಬ್ರೇಕು, ನಿಂತಿದ್ದಾಗ ತಳ್ಳಿದ್ರೆ ರಿವರ್ಸು. ಪಕ್ಕದ ಈ ಚಕ್ರ ಸ್ಟೀರಿಂಗು."

ಮೇಷ್ಟ್ರು ಕಡ್ಡಿಯದನ್ನು ಕೈಗೆತ್ತಿಕೊಂಡರು. ಎರಡು ಹೆಬ್ಬೆರಳೂ ಎರಡು ದಿಕ್ಕಿಗೆ ಹೋದವು. ಜಗಳವಾಡಿದ ಗಂಡಹೆಂಡಿರಂತೆ ಒಂದು ಇನ್ನೊಂದರ ಮುಖ ನೋಡಲಿಲ್ಲ. ಕೆಳಗಿಟ್ಟರು.

"ಭಾವ, ಇದನ್ನ ನೋಡಿ!" ಭಾವಮೈದ ಟಿವಿಯಷ್ಟು ಪರದೆಯಿದ್ದ ಒಂದನ್ನು ಎತ್ತಿದ. "ಇದರ ನೆನಪಿನಲ್ಲಿ ಒಂದು ರಾಶಿ ಕಾರಿನ ಸೆಟ್ಟಿಂಗ್ ಇಟ್ಕೋಬಹುದು."

"ನನ್ನ ಹತ್ರ ಇರೋದು ಒಂದೇ ಕಾರು."

"ಮುಂದಕ್ಕೆ ಬೇಕಾಗತ್ತೆ. ಮತ್ತೆ ಇದರ ಸಿಗ್ನಲ್ಲು ನಾಲ್ಕು ಬೀದಿ ಆಚೆಗೂ ಹೋಗತ್ತಂತೆ."

"ನಾಲ್ಕು ಬೀದಿ ಆಚೆ ಇರೋ ಕಾರನ್ನ ನಾನು ಹೇಗಯ್ಯಾ ನೋಡ್ಲಿ?"

ಇತ್ತ ಸಂಗೀತದ ಟೀಚರು ಒಂದೊಂದನ್ನೇ ಕಿವಿಗೆ ಹಿಡಿದು, ಚಾಲೂ ಮಾಡಿ, ಅದು 'ಪೀಂ' ಎನ್ನುವುದನ್ನು ಕಣ್ಣುಮುಚ್ಚಿ ಕೇಳುತ್ತಿದ್ದರು. "ಇದು ಬೇಡ ಮೇಷ್ಟ್ರೇ, ಶ್ರುತಿ ಇಳಿದಿದೆ. ಇದಂತೂ ಬೇಡವೇ ಬೇಡ, ಕೇಳಿದ್ರೆ ತಲೆನೋವು ಬರತ್ತೆ. ಆಹಾ, ಇದು! ಎಷ್ಟು ಇಂಪಾಗಿದೆ!"

ಅಂಗಡಿಯವನು ಮೇಷ್ಟ್ರ ಕಡೆ ಬಾಗಿ ದನಿ ತಗ್ಗಿಸಿದ. "ಅವರಿಬ್ಬರದೂ ಇರಲಿ. ನಿಮಗೆ ಏನು ಬೇಕು ಹೇಳಿ ಸಾರ್."

ಬೆಳಗಿಂದ ಯಾರೂ ಕೇಳದ ಪ್ರಶ್ನೆ. ಮೇಷ್ಟ್ರ ಕಣ್ಣು ಒದ್ದೆಯಾಯಿತು. "ಒಳ್ಳೆ ಬ್ರೇಕು," ಎಂದರು.

ಅಂಗಡಿಯವನು ಕಪ್ಪು ಬಣ್ಣದ, ಪಿಸ್ತೂಲಿನ ಆಕಾರದ ಒಂದನ್ನು ಮುಂದಿಟ್ಟ. ಹಗುರ, ಅಂಗೈಗೆ ಹಸುಗೂಸಿನ ಹಾಗೆ ಒರಗಿಕೊಂಡಿತು. ಬ್ರೇಕು ಎಷ್ಟು ಗಟ್ಟಿ ಹಿಡಿಯಬೇಕೆಂದು ನಿರ್ಧರಿಸಲು ಅದರಲ್ಲಿ ಬೇರೆಯೇ ಗುಂಡಿಯಿತ್ತು. ಮೇಷ್ಟ್ರು ಅದನ್ನು ಕೊನೆಯವರೆಗೂ ತಿರುಗಿಸಿ ನೋಡಿ ಪ್ಲಾಸ್ಟಿಕ್ ಕವರನ್ನು ಬಿಚ್ಚಿದರು. ಪುಣ್ಯಕ್ಕೆ ಅದು 'ಪೀಂ' ಎಂದದ್ದು ಟೀಚರಿಗೂ ಒಪ್ಪಿಗೆಯಾಯಿತು. ಮೇಷ್ಟ್ರನ್ನು ಹರಸಿ ಅವರು ತಮ್ಮ ಸಂಗೀತದ ತರಗತಿಗೆ ಹೋದರು. ಭಾವಮೈದ ಹೋಗಲಿಲ್ಲ.

"ನನ್ನ ಆಯ್ಕೆ ತಗೊಳ್ಳಲಿಲ್ಲ ಅಲ್ವಾ? ಸರಿ, ಜೋಡಿಸೋದಾದ್ರೂ ನಾನೇ. ಇದರ ರಿಸೀವರನ್ನ ಕಾರಿನೊಳಗೆ ಕೂರಿಸಬೇಕು, ಎರಡಕ್ಕೂ ಪರಿಚಯ ಮಾಡಿಸಬೇಕು. ನಿಮ್ಮಿಂದ ಆಗಲ್ಲ."

ಅವನಿಗೆ ಒಂದು ತಂತಿ ಎಲ್ಲಿಗೆ ಹೋಗುತ್ತದೆಂದು ತಿಳಿಯಲು ಇನ್ನೊಂದು ತಂತಿಯನ್ನು ಕೀಳಬೇಕಿತ್ತು. ಹೀಗೆ ಕಿತ್ತು, ಸಿಕ್ಕಿಸಿ, ಮತ್ತೆ ಕಿತ್ತು ಮುಗಿಸುವಷ್ಟರಲ್ಲಿ ಸಂಜೆಯಾಗಿ, ಇಬ್ಬರೂ ಸಾಬೂನು ಕಾರ್ಖಾನೆಯ ಅಂಗಳಕ್ಕೆ ಓಡೋಡಿ ಬಂದಾಗ ಉಳಿದ ಕಾರುಗಳು ಆಗಲೇ ಗೆರೆಯ ಮೇಲೆ ನಿಂತಿದ್ದವು.

"ಚಕ್ರ ತಿರುಗಿಸಿ ಭಾವ."

ಮೇಷ್ಟ್ರು ಬಲಕ್ಕೆ ತಿರುಗಿಸಿದರು. ಕಾರಿನ ಮುಂದಿನ ಚಕ್ರ ಎಡಕ್ಕೆ ಹೊರಳಿತು.

"ಅಷ್ಟೇ ತಾನೇ? ಉಲ್ಟಾ ಮಾಡೋಕೆ ಇಲ್ಲೇ ಸ್ವಿಚ್ಚಿದೆ." ಭಾವಮೈದ ಉಗುರಿನಿಂದ ಒಂದು ಪುಟಾಣಿ ಸ್ವಿಚ್ಚನ್ನು ಸರಿಸಿದ. ಬಲ ಅಂದರೆ ಬಲವೇ ಆಯಿತು. ಅದರ ಪಕ್ಕದಲ್ಲಿ ಅಂಥದ್ದೇ ಇನ್ನೊಂದು ಸ್ವಿಚ್ಚಿತ್ತು. ಒಂದು ಆ ಕಡೆ, ಒಂದು ಈ ಕಡೆ ಇರುವುದು ಅವನ ಕಣ್ಣಿಗೆ ಚೆಂದ ಕಾಣಲಿಲ್ಲ. "ಇದೂ ಇರಲಿ," ಎಂದು ಅದನ್ನೂ ಸರಿಸಿದ.

ಅದು ಓಟ ಮತ್ತು ಬ್ರೇಕನ್ನು ಅದಲುಬದಲು ಮಾಡುವ ಸ್ವಿಚ್ಚು.

ಓಡಿಸುವವರ ಕಟ್ಟೆ ಹತ್ತುವಾಗ ಹೆಂಡತಿ ಎದುರು ಬಂದಳು. ಆಕೆಯ ಕಣ್ಣು ಮೊದಲು ಬಿದ್ದದ್ದು ಹೊಳೆಯುವ ಕಪ್ಪು ಟ್ರಾನ್ಸ್‌ಮಿಟರಿನ ಮೇಲೆ.

"ರೀ, ಇದೇನು ಹೊಸದು?"

"ಅದು... ಅಂಗಡಿಯವರದು. ಹಳೇದು ಕೆಟ್ಟುಹೋಯ್ತು. ಇವತ್ತೊಂದು ದಿನದ ಮಟ್ಟಿಗೆ ಇಟ್ಕೊಳ್ಳಿ ಅಂತ ಕೊಟ್ಟಿದ್ದಾರೆ."

"ಬಿಟ್ಟಿಯಾ?"

"ಬಿಟ್ಟಿ."

"ಎಂಥ ಒಳ್ಳೆಯವರು!" ಎಂದಳು ಹೆಂಡತಿ.

ಸೀಟಿ ಮೊಳಗಿತು. ಎಲ್ಲ ಕಾರುಗಳೂ ಕಣಜಗಳಂತೆ ಗುಂಯ್ಗುಟ್ಟುತ್ತ ಮುಂದಕ್ಕೆ ಹಾರಿದವು. ಮೇಷ್ಟ್ರು ಕುದುರೆ ಎಳೆದರು. ಅವರ ಕಾರು ನಿಧಾನವಾಗಿ ಹಿಂದಕ್ಕೆ ಹೋಯಿತು.

ಜನ ಹೋ ಎಂದು ನಕ್ಕರು. "ಮೇಷ್ಟ್ರೇ, ಮನೆ ಆ ಕಡೆ ಇದೆಯಾ?" ಎಂದು ಹಲ್ಲಿನ ಡಾಕ್ಟರು ಕೇಳಿದರು. ಮೇಷ್ಟ್ರ ಎದೆ ಧಸಕ್ಕೆಂದಿತು. ಎದೆ ಧಸಕ್ಕೆಂದಾಗ ಅವರು ಏನು ಮಾಡುತ್ತಾರೋ ಅದನ್ನೇ ಮಾಡಿದರು. ಬಲವಾಗಿ ಬ್ರೇಕ್ ಒತ್ತಿದರು.

ಕಾರು ಬಿಲ್ಲಿನಿಂದ ಬಿಟ್ಟ ಬಾಣವಾಯಿತು.

"ಅಯ್ಯಯ್ಯೋ!" ಎಂದು ಇನ್ನಷ್ಟು ಒತ್ತಿದರು. ಅದು ಇನ್ನಷ್ಟು ಓಡಿತು. ಮೊದಲ ತಿರುವು ಬಂತು. ಹೆದರಿಕೆಯಲ್ಲಿ ಮತ್ತೆ ಒತ್ತಿದರು. ಹಳೆಯ ಟೈರುಗಳ ಗೋಡೆಗೆ ಬೆನ್ನು ಉಜ್ಜಿಕೊಂಡು ಕಾರು ತಿರುವು ದಾಟಿ, ಮುಂದಿದ್ದ ಒಂದನ್ನು ಮಗುಚಿ ಹಾಕಿತು. ಬ್ರೇಕು ಯಾಕೆ ಹಿಡಿಯುತ್ತಿಲ್ಲ ಎಂದು ಮೇಷ್ಟ್ರಿಗೆ ಅರ್ಥವಾಗಲಿಲ್ಲ. ಹೆದರಿದಷ್ಟೂ ವೇಗ, ವೇಗ ಹೆಚ್ಚಿದಷ್ಟೂ ಹೆದರಿಕೆ. ಹಣೆಯ ಬೆವರು ಕಣ್ಣಿಗಿಳಿದು, ಕೊನೆಕೊನೆಗೆ ಅವರು ಒಂದೇ ಕಣ್ಣಿನಿಂದ ನೋಡುತ್ತಿದ್ದರು.

"ನೋಡ್ರೀ, ತಿರುವಲ್ಲೂ ಬಿಡ್ತಿಲ್ಲ!" "ಎಂಥ ಗುಂಡಿಗೆ!" ಎಂದು ಜನ ಎದ್ದು ನಿಂತರು. ಹೆಂಡತಿ ಪಕ್ಕದಲ್ಲಿದ್ದ ಅಪರಿಚಿತರಿಗೆಲ್ಲ "ನಮ್ಮ ಮನೆಯವರು, ನಮ್ಮ ಮನೆಯವರು" ಎನ್ನುತ್ತಿದ್ದಳು. ಕೊನೆಯ ಸುತ್ತಿನಲ್ಲಿ ಹಲ್ಲಿನ ಡಾಕ್ಟರ ಕಾರೊಂದೇ ಮುಂದಿತ್ತು. ಹಿಂದಿನಿಂದ ಬರುತ್ತಿದ್ದ ಭೂತವನ್ನು ಕಂಡು ಡಾಕ್ಟರು ಒಂದು ಕ್ಷಣ ಬ್ರೇಕ್ ಹಿಡಿದರು. ಬ್ರೇಕ್ ಮೇಷ್ಟ್ರೂ ಹಿಡಿದರು. ಗೆರೆ ಮೊದಲು ದಾಟಿದ್ದು ಮೇಷ್ಟ್ರ ಕಾರು.

ಗೆದ್ದೆ ಎಂದು ತಿಳಿದಾಗ ಅವರಿಗೆ ಕಾರು ನಿಲ್ಲಿಸುವ ಆಸೆಯಾಯಿತು. ಪಾಪ, ಜೀವಮಾನದ ಶಕ್ತಿಯನ್ನೆಲ್ಲ ಬೆರಳಿಗೆ ತಂದುಕೊಂಡು ಬ್ರೇಕ್ ಒತ್ತಿದರು. ಕಾರು ಅಂಗಳ ದಾಟಿ, ಗೇಟಿನ ಸಂದಿಯಲ್ಲಿ ನುಗ್ಗಿ, ರಸ್ತೆಗಿಳಿದು, ಆಗಷ್ಟೇ ಬರುತ್ತಿದ್ದ ಕಸದ ಲಾರಿಯ ಅಡಿಗೆ ಹೋಯಿತು. ಲಾರಿಯವನಿಗೆ ಗೊತ್ತೂ ಆಗಲಿಲ್ಲ. ಭಾವಮೈದ ಓಡಿ ಹೋಗಿ, ಸಿಕ್ಕಷ್ಟನ್ನು ಕರ್ಚೀಫಿನಲ್ಲಿ ಕಟ್ಟಿಕೊಂಡು ಬಂದ.

"ಹೋಗ್ಲಿ ಬಿಡಿ ಭಾವ. ಗೆದ್ದು ಹೋಯ್ತಲ್ಲ," ಎಂದ, ತೀರಿಹೋದವರ ಮನೆಯಲ್ಲಿ ಮಾತಾಡುವ ದನಿಯಲ್ಲಿ.

ಬಹುಮಾನ ಕೊಡುವ ಹೊತ್ತಾಯಿತು. ಬಹುಮಾನ ಅಂಗಡಿಯವನ ಕೊಡುಗೆ. ಅವನೇ ಮುಂದೆ ಬಂದು, ಬಣ್ಣದ ಕಾಗದ ಸುತ್ತಿದ ಡಬ್ಬಿಯನ್ನು ಮೇಷ್ಟ್ರ ಕೈಗಿತ್ತು, ಜನರ ಮುಂದೆ ಬಿಚ್ಚಿಸಿದ. ಒಳಗಿದ್ದದ್ದು ಕಪ್ಪು ಬಣ್ಣದ, ಪಿಸ್ತೂಲಿನ ಆಕಾರದ, ಬ್ರೇಕಿಗೆ ಬೇರೆ ಗುಂಡಿಯಿದ್ದ ಟ್ರಾನ್ಸ್‌ಮಿಟರು. ಬೆಳಗ್ಗೆ ಕೊಂಡದ್ದರ ಅವಳಿ.

"ಇದನ್ನ ಬೆಳಗ್ಗೆಯೇ ಹೇಳಬಾರದಿತ್ತೇನ್ರೀ?" ಎಂದು ಮೇಷ್ಟ್ರು ಪಿಸುಗುಟ್ಟಿದರು.

"ಸಾರ್, ನೀವು ಗೆಲ್ತೀರ ಅಂತ ನನಗೇನು ಕನಸು ಬಿದ್ದಿತ್ತಾ?" ಎಂದು ಅವನೂ ಪಿಸುಗುಟ್ಟಿದ.

ಅಷ್ಟರಲ್ಲಿ ಹೆಂಡತಿ ಕಟ್ಟೆ ಹತ್ತಿ ಬಂದಳು. ಮುಖ ದೀಪದಂತೆ ಬೆಳಗುತ್ತಿತ್ತು. ಗಂಡನ ಕಂಕುಳಲ್ಲಿದ್ದ ಬೆಳಗಿನ ಟ್ರಾನ್ಸ್‌ಮಿಟರನ್ನು ತೆಗೆದು, ಸೆರಗಿನಿಂದ ಬೆವರು ಒರೆಸಿ, ಎರಡೂ ಕೈಯಲ್ಲಿ ಅಂಗಡಿಯವನಿಗೆ ನೀಡಿದಳು.

"ತಗೊಳ್ಳಿ ಅಣ್ಣ. ಕಷ್ಟಕಾಲಕ್ಕೆ ಕೊಟ್ರಿ, ನಿಮ್ಮ ಉಪಕಾರ ಮರೆಯಲ್ಲ. ಇನ್ನು ನಮಗೆ ನಮ್ಮದೇ ಇದೆ. ಬೇರೆಯವರ ವಸ್ತು ಒಂದು ರಾತ್ರಿಯೂ ನಮ್ಮ ಮನೇಲಿ ಇರಬಾರದು."

"ಅಕ್ಕಾ, ಅದು..." ಎಂದು ಭಾವಮೈದ ಬಾಯಿ ತೆರೆದ. ಮೇಷ್ಟ್ರು ಅವನ ಪಾದವನ್ನು ತುಳಿದರು. ಈ ಬ್ರೇಕು ಮಾತ್ರ ಸರಿಯಾಗಿ ಹಿಡಿಯಿತು.

ಅಂಗಡಿಯವನು ಕೈಯಲ್ಲಿದ್ದ ವಸ್ತುವನ್ನು ನೋಡಿದ. ಹೆಂಡತಿಯ ಬೆನ್ನ ಹಿಂದೆ ಕೈಮುಗಿದು ನಿಂತ ಮೇಷ್ಟ್ರನ್ನು ನೋಡಿದ. ಹೇಳಿದೆನಲ್ಲ, ಅವನು ಜಾಣ.

"ಉಪಕಾರ ಏನು ಬಂತಮ್ಮ," ಎಂದ. "ಸಾರ್ ಗೆದ್ದರಲ್ಲ, ಅಷ್ಟೇ ಸಾಕು."

ಪಕ್ಕದಲ್ಲೇ ನಿಂತಿದ್ದ ಹಲ್ಲಿನ ಡಾಕ್ಟರು ಮುನ್ನುಗ್ಗಿದರು. "ಮೇಷ್ಟ್ರು ಗೆದ್ದಿದ್ದು ಇದರಲ್ಲೇ ತಾನೇ? ಇದನ್ನ ನನಗೆ ಕೊಡಿ. ಹೊಸದರ ಬೆಲೆಗಿಂತ ಹೆಚ್ಚೇ ಕೊಡ್ತೀನಿ." ಮೇಷ್ಟ್ರ ಕಣ್ಣೆದುರೇ ಡಾಕ್ಟರ ಕೈಯಿಂದ ನೋಟುಗಳು ಅಂಗಡಿಯವನ ಜೇಬಿಗೆ ಹೋದವು. ಟ್ರಾನ್ಸ್‌ಮಿಟರನ್ನು ಎದೆಗವಚಿಕೊಂಡು ಡಾಕ್ಟರು ಮೇಷ್ಟ್ರ ಕಿವಿಗೆ ಬಾಗಿದರು. "ಗುಟ್ಟೇನು ಸಾರ್? ನನಗೊಬ್ಬನಿಗೆ ಹೇಳಿ."

"ಹೆದರಿಕೊಂಡು ಓಡಿಸಿ ಡಾಕ್ಟ್ರೇ," ಎಂದರು ಮೇಷ್ಟ್ರು ಸೋತ ದನಿಯಲ್ಲಿ.

"ದೊಡ್ಡವರ ವಿನಯವೇ ಬೇರೆ!" ಎಂದು ಡಾಕ್ಟರು ತಲೆದೂಗಿದರು.

ಜನ ಚದುರಿದರು. ಹೆಂಡತಿ ಬಹುಮಾನದ ಡಬ್ಬಿಯನ್ನು ಹಿಡಿದು ಮುಂದೆ ಮುಂದೆ ನಡೆದಳು. ಕಾರಿನ ಚೂರುಗಳ ಗಂಟು ಹಿಡಿದು ಮೇಷ್ಟ್ರು ಹಿಂದೆ ಹೊರಟರು. ಗೇಟಿನ ಹತ್ತಿರ ಅಂಗಡಿಯವನು ಬಂದು ಅವರ ಹೆಗಲ ಮೇಲೆ ಕೈಯಿಟ್ಟ.

"ಇನ್ನು ಒಂದು ಕಾರು ಬೇಕಾಗತ್ತಲ್ಲ ಸಾರ್," ಎಂದ ಅಂತಃಕರಣದಿಂದ. "ನಾಳೆ ನಿಮಗೋಸ್ಕರ ಅಂಗಡಿ ಬೇಗ ತೆಗೀತೀನಿ."