ಮಾವನ ಟವೆಲ್ ವ್ಯಾಪಾರ

ನಮ್ಮ ಸೋದರಮಾವ ನನ್ನನ್ನು ಎರಡು ಸಲ ಮಾರಿದ್ದಾರೆ! ಮೊದಲ ಸಲ ಎತ್ತೆಂದು, ಎರಡನೆಯ ಸಲ ಕೋಣವೆಂದು. ಕೋಣವಾದಾಗ ನನಗೆ ರೇಟು ಕಡಿಮೆ ಬಂತೆಂಬ ಬೇಜಾರು ಇಂದಿಗೂ ಹೋಗಿಲ್ಲ.

ಮಾವ ಹರಪನಹಳ್ಳಿ ಸುತ್ತಿನ ದನದ ಸಂತೆಗಳಲ್ಲಿ ದಲ್ಲಾಳಿಯಾಗಿದ್ದವರು. ಆ ವ್ಯಾಪಾರ ಬಾಯಲ್ಲಿ ನಡೆಯುವುದಿಲ್ಲ. ಹೆಗಲ ಮೇಲಿನ ಟವೆಲ್ಲನ್ನು ಕೈಗೆ ಹೊದಿಸಿ, ಅದರಡಿ ಎದುರಿನವನ ಬೆರಳು ಹಿಡಿದು ರೇಟು ಹೇಳಬೇಕು. ಪಕ್ಕದಲ್ಲಿ ನಿಂತವನಿಗೆ ಟವೆಲ್ ಅಲುಗಾಡುವುದಷ್ಟೇ ಕಾಣುತ್ತದೆ. ಮದುವೆಯಾದ ಹೊಸದರಲ್ಲಿ ಉಚ್ಚಂಗಿದುರ್ಗದ ಬಸ್ಸಿನಲ್ಲಿ, ಮುಂದಿನ ಸೀಟಿನಲ್ಲಿ ಹಿರಿಯರು ಕೂತಿರುವಾಗಲೇ, ಈ ಮಹಾನುಭಾವರು ಹೆಂಡತಿಯ ಕೈಮೇಲೂ ಟವೆಲ್ ಹೊದಿಸಿದ್ದರಂತೆ! ಅತ್ತೆಯ ಕಿರುಬೆರಳು ಹಿಡಿದು ಎರಡು ಸಲ ಒತ್ತಿದರಂತೆ.

“ಇದು ಎಷ್ಟಕ್ಕ ರೀ?” ಎಂದು ಅತ್ತೆ ಪಿಸುಗುಟ್ಟಿದರೆ, “ಇದು ಸಂತ್ಯಾಗ ಇಲ್ಲ. ನಿನಗಷ್ಟ” ಎಂದರಂತೆ.

ಇದನ್ನು ಹೇಳುವಾಗಲೆಲ್ಲ ಅತ್ತೆ “ನಾನೇನು ಎಮ್ಮೀನ?” ಎಂದು ಬೈಯುತ್ತಿದ್ದರು. ಮುಖ ಮಾತ್ರ ಕೆಂಪಾಗುತ್ತಿತ್ತು.

ನಾಲ್ಕು ವರ್ಷದ ಹಿಂದೆ ಬೈಕಿನಿಂದ ಬಿದ್ದು ಮಾವನ ತಲೆಗೆ ಪೆಟ್ಟಾಯಿತು. ಜೀವ ಉಳಿಯಿತು, ಆದರೆ ಬಲಗೈ ತೊಡೆಯ ಮೇಲೆ ಸುಮ್ಮನೆ ಬಿದ್ದುಕೊಂಡಿತು. ಯಾವುದು ಮನೆ, ಯಾವುದು ಸಂತೆ ಎಂಬುದೂ ಕಲಸಿಹೋಯಿತು. ನನ್ನ ತಂಗಿಯನ್ನು ನೋಡಲು ವರನ ಕಡೆಯವರು ಬಂದಾಗ ಏನು ಮಾಡಿದರು ಗೊತ್ತೆ? ಎಡಗೈಯಿಂದ ವರನ ಗದ್ದ ಹಿಡಿದು, ತುಟಿ ಎತ್ತಿ, ಹಲ್ಲು ನೋಡಿ, “ಬಾಯಿ ಗೂಡೈತಿ, ಹಲ್ಲೆಲ್ಲ ಬಂದು ಮುಗದಾವ. ಇವರು ಹೇಳಿದಷ್ಟು ಸಣ್ಣ ವಯಸ್ಸಲ್ಲ ಇದು” ಎಂದುಬಿಟ್ಟರು! ನಾನು ಓಡಿಹೋಗಿ ಆ ಕೈ ಬಿಡಿಸಿದೆ. ಆಮೇಲೆ ವಿಚಾರಿಸಿದರೆ ವರ ನಿಜವಾಗಿಯೂ ಐದು ವರ್ಷ ಮುಚ್ಚಿಟ್ಟಿದ್ದ.

ಊರವರ ಹಲ್ಲನ್ನೆಲ್ಲ ಬಲ್ಲ ಮಾವನಿಗೆ ಅತ್ತೆ ಯಾರೆಂಬುದು ಮಾತ್ರ ತಿಳಿಯುತ್ತಿರಲಿಲ್ಲ. “ಊಟಕ್ಕ ಹಾಕೋ ಯಮ್ಮ ಭಾಳ ಛಲೋ ಅದಾಳ” ಎಂದು ಅವರೆದುರೇ ನನಗೆ ಹೇಳುತ್ತಿದ್ದರು. ಅತ್ತೆ ನಕ್ಕು ಅಡುಗೆಮನೆಗೆ ಹೋಗುತ್ತಿದ್ದರು. ಹೊರಗೆ ಬರಲು ಸ್ವಲ್ಪ ಹೊತ್ತು ಹಿಡಿಯುತ್ತಿತ್ತು.

ಈ ವರ್ಷದಿಂದ ಫಿಸಿಯೋಥೆರಪಿ ಮೇಡಂ ಒಬ್ಬರು ವಾರಕ್ಕೆರಡು ಸಲ ಮನೆಗೇ ಬರುತ್ತಾರೆ. ಮೊದಲ ದಿನ ರಬ್ಬರ್ ಚೆಂಡು ಕೊಟ್ಟು “ಬಲಗೈಲಿ ಹಿಚುಕ್ರಿ ಅಜ್ಜಾರ” ಎಂದರು. ಮಾವ ಎಡಗೈಯಲ್ಲಿ ತೆಗೆದುಕೊಂಡು, ಮೂಸಿ ನೋಡಿ, ಅಂಗಳಕ್ಕೆ ಎಸೆದರು. ಎರಡನೆಯ ದಿನ ಬಣ್ಣದ ರಿಂಗು ಬಂದವು. “ನಾನೇನು ಬಾಲವಾಡಿ ಹುಡುಗನ?” ಎಂದರು. ಮೂರನೆಯ ದಿನ ಮೇಡಂ ಸಾಮಾನಿನ ಚೀಲ ಬಿಚ್ಚಲೇ ಇಲ್ಲ. “ಅಜ್ಜಾರು ಮೊದಲು ಏನ್ ಕೆಲಸ ಮಾಡ್ತಿದ್ರಿ?” ಎಂದು ಅತ್ತೆಯನ್ನು ಕೇಳಿದರು. ಅತ್ತೆ ಒಳಗಿನಿಂದ ಹಳೆಯ ಟವೆಲ್ ತಂದು, ಸಂತೆಯ ವ್ಯಾಪಾರ ಹೇಗೆಂದು ವಿವರಿಸಿದರು.

ಮೇಡಂ ಅದನ್ನು ಮಾವನ ಬಲಗೈಗೆ ಹೊದಿಸಿ, ಕೆಳಗೆ ತಮ್ಮ ಕೈ ತೂರಿಸಿದರು. ಮಾವ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಟವೆಲ್ ಅಲುಗಿತು!

“ಮೇಡಂ, ಬೆರಳು ಆಡಿದ್ವು!” ಎಂದು ನಾನು ಚೀರಿದೆ.

“ಲೇ, ಎತ್ತು ಒದರತೈತೇನಲೇ?” ಎಂದು ಮಾವ ಗದರಿದರು.

ನಾನು ಮೊದಲ ಸಲ ಮಾರಾಟವಾದದ್ದು ಹೀಗೆ. ಕೋಣವಾದದ್ದು ಮುಂದಿನ ವಾರ. ಅಂದಿನಿಂದ ಮನೆಯ ವ್ಯಾಯಾಮವೇ ಈ ವ್ಯಾಪಾರ. ಯಾವ ಬೆರಳು ಎಷ್ಟು ಸಲ ಆಡಿತೆಂದು ಮೇಡಂ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದರು. ಅಕ್ಕಪಕ್ಕದವರೂ ಬಂದು ಕೈ ಕೊಟ್ಟು ಹೋದರು. ಅತ್ತೆ ಮಾತ್ರ ಹತ್ತಿರ ಸುಳಿಯಲಿಲ್ಲ.

“ಇವತ್ತು ನೀವು ಕುಂದರ್ರಿ ಅಮ್ಮಾರ” ಎಂದರು ಮೇಡಂ ಒಂದು ದಿನ.

“ಬ್ಯಾಡವ್ವ. ನನ್ನನ್ನೂ ಗಿರಾಕಿ ಅಂತ ಹಿಡದ್ರ ನಾ ತಡಕೊಳ್ಳಂಗಿಲ್ಲ.”

ಆದರೂ ಕೂತರು. ಮಾವ ಬೆರಳುಗಳನ್ನು ಒಂದೊಂದಾಗಿ ತಡಕಾಡುತ್ತಿದ್ದರು. ಟವೆಲ್ ನಿಧಾನವಾಗಿ ಸರಿದು, ನಿಂತಿತು. ಅವರು ತಲೆ ಎತ್ತಿ ಅತ್ತೆಯ ಮುಖವನ್ನೇ ನೋಡಿದರು. ಹಲ್ಲನ್ನಲ್ಲ, ಮುಖವನ್ನು. ಟವೆಲ್ ಮತ್ತೆ ಅಲುಗಿತು. ಒಮ್ಮೆ. ಇನ್ನೊಮ್ಮೆ.

ಅತ್ತೆ ಸೆರಗನ್ನು ಬಾಯಿಗೆ ಒತ್ತಿಕೊಂಡರು.

ಮೇಡಂ ನೋಟ್‌ಬುಕ್ ತೆರೆದು ಕೇಳಿದರು: “ಯಾವ ಬೆರಳು ಹಿಡದ್ರು ಅಮ್ಮಾರ?”

“ಕಿರುಬೆರಳು” ಎಂದರು ಅತ್ತೆ, ಕೈ ಬಿಡಿಸಿಕೊಳ್ಳದೆ. “ಅದನ್ನ ಬರಕೋಬ್ಯಾಡವ್ವ. ಅದು ನಂದು.”