ಬೇಕಾಗಿದೆ: ಒಂದು ನಿಮಿಷದ ಮೌನ

ಇಷ್ಟಕ್ಕೆಲ್ಲ ಕಾರಣ ಒಂದು ಸೊನ್ನೆ.

ಬೆಳಿಗ್ಗೆ ಒಂಬತ್ತಕ್ಕೆ ಸಿನಿಮಾ ಕಾಲೇಜಿನ ಮೇಷ್ಟ್ರಿಂದ ಸಂದೇಶ ಬಂತು: 'ಕೊನೆಯ ಒಂದು ನಿಮಿಷ ಸದ್ದು ಸತ್ತಿದೆ. ಸರಿಮಾಡಿ ಇವತ್ತು ಸಂಜೆ ಐದರೊಳಗೆ ಲಿಂಕ್ ಕಳಿಸು.'

ಓದಿದವನ ಬಾಯಲ್ಲಿ ಬ್ರಷ್ಷು ಹಾಗೇ ನಿಂತಿತು. ಅವನನ್ನು ಕಟ್ಟಡದವರೆಲ್ಲ 'ಡೈರೆಕ್ಟ್ರೇ' ಎಂದು ಬಹುವಚನದಲ್ಲಿ ಕರೆಯುತ್ತಿದ್ದರು. ಆ ಬಹುವಚನದಲ್ಲಿ ಗೌರವ ಚಿಟಿಕೆಯಷ್ಟು, ಗೇಲಿ ಮೊರದಷ್ಟು. ಹೋದ ವರ್ಷ ಅಮ್ಮನ ಕಾಯಿಲೆಯ ನಡುವೆ ಚಿತ್ರ ಮುಗಿಸಲಾಗದೆ ಅವನು ಫೇಲಾಗಿದ್ದ. ಈ ಸಲವೂ ತಪ್ಪಿದರೆ ಸೋಮವಾರದಿಂದ ಚಿಕ್ಕಪ್ಪನ ಸಿಮೆಂಟ್ ಅಂಗಡಿಯಲ್ಲಿ ಕೂರಬೇಕೆಂದು ಅಪ್ಪ ಹೇಳಿಯಾಗಿತ್ತು. ಅಪ್ಪ ಬಸ್ ಡಿಪೋದಲ್ಲಿ ಟೈಮ್‌ಕೀಪರ್. ಅವರು ಸೋಮವಾರ ಎಂದರೆ ಸೋಮವಾರವೇ. ಮಂಗಳವಾರ ನೋಡೋಣ ಎಂಬ ಮಾತು ಅವರ ವಾರದಲ್ಲೇ ಇರಲಿಲ್ಲ.

ಎಂಟು ನಿಮಿಷದ ಚಿತ್ರ. ಫೋನಿನಲ್ಲೇ ತೆಗೆದು ಫೋನಿನಲ್ಲೇ ಜೋಡಿಸಿದ್ದು. ವಿಷಯ, ಅಮ್ಮ. ಆಕೆ ಹೋಗಿ ಎಂಟು ತಿಂಗಳಾಗಿತ್ತು. ಇದ್ದಾಗಲೂ ಆಕೆಯದು ತೂಗಿ ಅಳೆದ ಮಾತು. ಊಟಕ್ಕೆ ಕರೆಯುವುದನ್ನೂ ತಟ್ಟೆಯ ಸದ್ದಿನಲ್ಲೇ ಮುಗಿಸುತ್ತಿದ್ದಳು. ಚಿತ್ರದ ಕೊನೆಯ ನಿಮಿಷದಲ್ಲಿ ಕಿಟಕಿಯ ಪಕ್ಕದ ಆಕೆಯ ಖಾಲಿ ಕುರ್ಚಿ ಬಿಟ್ಟರೆ ಬೇರೇನಿಲ್ಲ. ಅದನ್ನು ತೆಗೆಯುವಾಗ ಪಕ್ಕದ ಕೋಣೆಯಲ್ಲಿ ಅಪ್ಪ ಏಳು ಸಲ ಸೀನಿದ್ದರಿಂದ ಡೈರೆಕ್ಟರ್ ಆ ನಿಮಿಷದ ಸದ್ದನ್ನು ಪೂರ್ತಿ ಅಳಿಸಿಬಿಟ್ಟಿದ್ದ.

ಬಾಯಿ ಮುಕ್ಕಳಿಸಿ ಮೇಷ್ಟ್ರಿಗೆ ಫೋನ್ ಮಾಡಿದ.

"ಸಾರ್, ಅಲ್ಲಿ ಸದ್ದು ಬೇಡ ಅಂತಾನೇ ತೆಗ್ದಿದ್ದು. ಅದು ಮೌನ ಸಾರ್."

"ಅದು ಮೌನ ಅಲ್ಲಪ್ಪ, ಸೊನ್ನೆ. ಸೊನ್ನೆ ಕೇಳಿದ್ರೆ ಜನ ಸ್ಪೀಕರ್ ಕೆಟ್ಟೋಯ್ತು ಅಂತ ಎದ್ದು ತಟ್ಟಿ ನೋಡ್ತಾರೆ. ಪದ್ಯ ಓದೋರು ಎರಡು ಪದ್ಯದ ಮಧ್ಯೆ ಉಸಿರು ಎಳ್ಕೊಳ್ತಾರಲ್ಲ, ಅದು ಮೌನ. ಓದೋನು ಅಲ್ಲೇ ಸತ್ತೋದ್ರೆ ಅದು ಸೊನ್ನೆ. ಪ್ರತಿ ಕೋಣೆಗೂ ಅದರದ್ದೇ ಒಂದು ಉಸಿರಿರುತ್ತೆ. ಆ ಕೋಣೇಲೇ ಕೂತು ಒಂದು ನಿಮಿಷ ಹಿಡ್ಕೊಂಡು ಬಾ, ಸಾಕು. ನಿನ್ನ ಎರಡು ಸಲ ಫೇಲ್ ಮಾಡೋಕೆ ನಂಗೂ ಮನಸ್ಸಿಲ್ಲ."

ಒಂದು ನಿಮಿಷ ತಾನೆ! ಡೈರೆಕ್ಟರ್ ನಕ್ಕ. ಆ ದಿನ ಅವನು ನಕ್ಕದ್ದು ಅದೊಂದೇ ಸಲ.

ಅಮ್ಮನ ಕೋಣೆಯ ಬಾಗಿಲು ಹಾಕಿ, ಕುರ್ಚಿಯ ಮೇಲೆ ಫೋನಿಟ್ಟು, ರೆಕಾರ್ಡಿಂಗ್ ಒತ್ತಿ ಉಸಿರು ಬಿಗಿಹಿಡಿದ. ನೆತ್ತಿಯ ಮೇಲೆ 'ಟರ್ರ್ರ್' ಎಂದಿತು. ಮೇಲಿನ ಮನೆಯ ಟೈಲರಮ್ಮ ಹೊಲಿಗೆಗೆ ಕೂತಿದ್ದರು. ಮೆಟ್ಟಿಲು ಹತ್ತಿಹೋಗಿ ಕೇಳಿದ.

"ಅಕ್ಕಾ, ಒಂದೇ ಒಂದು ನಿಮಿಷ ಮೆಷಿನ್ ನಿಲ್ಲಿಸ್ತೀರಾ?"

"ಒಂದು ನಿಮಿಷ ಯಾಕೋ, ಒಂದು ಗಂಟೆ ನಿಲ್ಲಿಸ್ತೀನಿ. ನಿಮ್ಮಮ್ಮನಿಗೆ ಕೊನೇ ಬಟ್ಟೆ ಹೊಲಿದವಳು ನಾನು!"

ಮೆಷಿನ್ ನಿಂತಿತು. ನಿಂತ ಮೇಲೆ ಟೈಲರಮ್ಮನಿಗೆ ಮಾಡಲು ಕೆಲಸವಿರಲಿಲ್ಲ. ಅವನ ಹಿಂದೆಯೇ ಇಳಿದುಬಂದು, ಮೌನ ಹಿಡಿಯುವುದು ಹೇಗೆಂದು ನೋಡಲು ಮಂಚದ ಅಂಚಿನಲ್ಲಿ ಕೂತರು.

ಇಪ್ಪತ್ತನೆಯ ಸೆಕೆಂಡಿಗೆ ಪಿಸುಗುಟ್ಟಿದರು: "ಶುರುವಾಯ್ತಾ?"

ಎರಡನೆಯ ಸಲ ಮೂವತ್ತನೆಯ ಸೆಕೆಂಡಿಗೆ: "ನಾನು ಮಾತಾಡಲ್ಲ, ನೀನು ಮಾಡ್ಕೋ."

ಮೂರನೆಯ ಸಲ ಐವತ್ತು ದಾಟಿತು. ಡೈರೆಕ್ಟರ್ ಕಣ್ಣು ಮುಚ್ಚಿ ಎಣಿಸುತ್ತಿದ್ದ. ಐವತ್ತೈದು, ಐವತ್ತಾರು...

"ಎಷ್ಟು ಚೆನ್ನಾಗಿ ಸುಮ್ನಿದ್ದೆ ನೋಡು!"

ಅವನ ಮುಖ ನೋಡಿ ಟೈಲರಮ್ಮನಿಗೆ ಪಾಪವೆನಿಸಿತು. ಸಹಾಯ ಮಾಡಲೇಬೇಕೆಂದು ಹಟ ಹಿಡಿದು, ನೇರವಾಗಿ ಕಟ್ಟಡದ ಸೆಕ್ರೆಟರಿಯ ಬಳಿ ಹೋದರು. ಇಲ್ಲಿಂದ ಇಲಿ ಹೋಗಿ ಹುಲಿಯಾಯಿತು.

ಸೆಕ್ರೆಟರಿ ನಿವೃತ್ತ ಡ್ರಿಲ್ ಮಾಸ್ತರು. ಶಾಲೆ ಅವರನ್ನು ಬಿಟ್ಟರೂ ಕೊರಳಿನ ಸೀಟಿ ಬಿಟ್ಟಿರಲಿಲ್ಲ. ಕೂಡಲೇ ಅವರು ಕಟ್ಟಡದ ವಾಟ್ಸಾಪ್ ಗುಂಪಿಗೆ ಆಜ್ಞೆ ಹೊರಡಿಸಿದರು: 'ಇಂದು ಹನ್ನೊಂದು ಗಂಟೆಗೆ ಸರಿಯಾಗಿ ಒಂದು ನಿಮಿಷದ ಮೌನ. ಎಲ್ಲರೂ ತಪ್ಪದೆ ಪಾಲಿಸತಕ್ಕದ್ದು.' ಯಾತಕ್ಕೆಂದು ಬರೆಯುವುದು ಅವರ ಅಭ್ಯಾಸವಾಗಿರಲಿಲ್ಲ.

ಗೋಡೆ ಗೋಡೆಗಳ ಆಚೆ ಫೋನುಗಳು ಕಪ್ಪೆಗಳಂತೆ ಕೂಗತೊಡಗಿದವು. 'ಅಯ್ಯೋ ಪಾಪ.' 'ಆತ್ಮಕ್ಕೆ ಶಾಂತಿ ಸಿಗಲಿ.' ಮೂವತ್ತೆರಡು ಜೋಡಿಸಿದ ಕೈಗಳು. 'ಯಾವ ಮನೆ?' ಎಂದು ಯಾರೋ ಕೇಳಿದ್ದಕ್ಕೆ ಟೈಲರಮ್ಮ ಪ್ರಾಮಾಣಿಕವಾಗಿ ಉತ್ತರಿಸಿದರು: 'ಟೈಮ್‌ಕೀಪರ್ ಮನೇಲಿ.'

ಹನ್ನೊಂದಕ್ಕೆ ಹತ್ತು ನಿಮಿಷವಿರುವಾಗ ಬಾಗಿಲು ಬಡಿದ ಸದ್ದಾಯಿತು. ಅಂದು ಅಪ್ಪನಿಗೆ ವಾರದ ರಜೆ. ಬನಿಯನ್ನಿನಲ್ಲೇ ಬಂದು ಬಾಗಿಲು ತೆರೆದರು. ಹೊರಗೆ ಮೆಟ್ಟಿಲ ತುಂಬ ಜೋಲು ಮುಖಗಳು.

"ಯಾರ್ರೀ ಹೋದ್ರು?" ಎಂದರು ಅಪ್ಪ.

ಮುಂದೆ ನಿಂತಿದ್ದ ಔಷಧಿ ಅಂಗಡಿಯವನು ತಡವರಿಸಿದ. "ನೀವೇ... ಅಲ್ವಾ ಸಾರ್?"

ಅಪ್ಪ ಕೈಗಡಿಯಾರ ನೋಡಿಕೊಂಡರು. "ನಂಗಿನ್ನೂ ಟೈಮಾಗಿಲ್ಲ," ಎಂದರು.

ಕಣ್ಣಂಚಿಗೆ ಬಂದ ನೀರನ್ನು ವಾಪಸು ಒಯ್ಯುವುದು ಹೇಗೆ? ಬಂದವರು ಅದನ್ನು ಅಮ್ಮನ ಕಡೆ ತಿರುಗಿಸಿದರು. "ಎಂಥಾ ಮಹಾತಾಯಿ, ಒಂದು ದಿನ ದನಿ ಎತ್ತಿದವರಲ್ಲ," ಎಂದು ಎಲ್ಲರೂ ದನಿ ಎತ್ತಿ ಅತ್ತರು. ಅಪ್ಪ ಒಳಗೆ ಹೋಗಿ ಅಂಗಿ ಹಾಕಿಕೊಂಡು ಬಂದು, ಎಂಟು ತಿಂಗಳ ಹಿಂದೆ ನಿಂತಿದ್ದ ಜಾಗದಲ್ಲೇ ಮತ್ತೆ ಕೈಕಟ್ಟಿ ನಿಂತರು.

ಹನ್ನೊಂದಕ್ಕೆ ಸರಿಯಾಗಿ ಸೀಟಿ ಕೇಳಿತು. ಆಶ್ಚರ್ಯ, ಇಡೀ ಕಟ್ಟಡ ಒಂದೇ ಏಟಿಗೆ ಬಾಯಿ ಮುಚ್ಚಿತು. ನಲ್ಲಿ ನಿಂತಿತು, ಕುಕ್ಕರ್ ನಿಂತಿತು, ಅಳು ನಿಂತಿತು. ಡೈರೆಕ್ಟರ್ ಕುರ್ಚಿಯ ಮುಂದೆ ಮಂಡಿಯೂರಿ ಫೋನನ್ನೇ ನೋಡುತ್ತಿದ್ದ. ಮೂವತ್ತು. ನಲವತ್ತು. ನಲವತ್ತೆಂಟು...

"ನೋಡಿದ್ರಾ!" ಸೆಕ್ರೆಟರಿ ಆನಂದ ತಡೆಯಲಾರದೆ ಗುಡುಗಿದರು. "ಇದಪ್ಪ ಶಿಸ್ತು ಅಂದ್ರೆ!"

ಇನ್ನೊಂದು ಸಲ ಎಂದು ಕೇಳಿದರೆ ಯಾರೂ ಒಪ್ಪಲಿಲ್ಲ. ಸತ್ತವರೇ ಇಲ್ಲದ ಮೇಲೆ ಎರಡೆರಡು ಸಲ ಯಾಕೆ ಎಂದು ಗೊಣಗುತ್ತ ಇಳಿದುಹೋದರು.

ಇರಲಿ, ನಲವತ್ತೆಂಟನ್ನು ಎಳೆದು ಅರವತ್ತು ಮಾಡಬಹುದು. ಡೈರೆಕ್ಟರ್ ಆ ತುಣುಕನ್ನು ಖಾಲಿ ಕುರ್ಚಿಯ ಚಿತ್ರದ ಕೆಳಗೆ ಕೂರಿಸಿ, ಇಯರ್‌ಫೋನ್ ಹಾಕಿ ಕೇಳಿದ. ಒಂದು ಸಲ, ಎರಡು ಸಲ, ಹತ್ತು ಸಲ. ಕುರ್ಚಿ ಅಮ್ಮನದೇ, ಕಿಟಕಿ ಅಮ್ಮನದೇ. ಮೌನ ಮಾತ್ರ ಬೇರೆ ಯಾರದೋ ಮನೆಯದು. ಯಾಕೆಂದು ಮಧ್ಯಾಹ್ನ ಎರಡರ ಹೊತ್ತಿಗೆ ಹೊಳೆಯಿತು.

"ಅಪ್ಪಾ, ಈ ಕೋಣೆ ಹಳೇ ಫ್ಯಾನ್ ಎಲ್ಲಿ?"

"ಗುಜರಿಗೆ ಹಾಕ್ದೆ."

"ಚೆನ್ನಾಗಿ ತಿರುಗ್ತಿತ್ತಲ್ಲ?"

"ಸುತ್ತು ಸುತ್ತಿಗೂ ಟಿಕ್ ಅಂತಿತ್ತು." ಅಪ್ಪ ಹೊಸ ಫ್ಯಾನ್ ಕಡೆ ನೋಡಿ ಹೇಳಿದರು, "ಅವಳು ಹೋದ ಮೇಲೆ ಅದನ್ನ ಕೇಳ್ತಾ ಇರೋಕಾಗ್ಲಿಲ್ಲ."

ಮೂರೂವರೆಗೆ ಬಾಗಿಲ ಮೇಲೆ ಎಲೆ ಬಿದ್ದಷ್ಟು ಮೆಲ್ಲಗೆ ಸದ್ದಾಯಿತು. ಕೆಳಮನೆಯ ಧ್ಯಾನದ ಮಾಮ. ಹಿಂದೆ ಲೌಡ್‌ಸ್ಪೀಕರ್ ಬಾಡಿಗೆಗೆ ಕೊಡುತ್ತಿದ್ದವರು. ಈಗ ಜನರಿಗೆ ಇಂಟರ್ನೆಟ್ಟಿನಲ್ಲಿ ಧ್ಯಾನ ಕಲಿಸುತ್ತಿದ್ದರು. ಎಷ್ಟು ಸಣ್ಣ ದನಿಯೆಂದರೆ, ಕೇಳುವವರು ತಾವಾಗಿ ಬಗ್ಗಿ ಶಿಷ್ಯರಂತೆ ಕಾಣುತ್ತಿದ್ದರು.

"ಡೈರೆಕ್ಟ್ರೇ, ಮೌನ ಬೇಕಂತೆ? ನನ್ನ ಹತ್ರ ಇದೆ."

ಡೈರೆಕ್ಟರ್ ಬಗ್ಗಿದ. "ಯಾವುದೋ ಮೌನ ಆಗಲ್ಲ ಮಾಮ. ಅಮ್ಮನ ಕೋಣೇದೇ ಆಗ್ಬೇಕು."

"ಅಲ್ಲೀದೇ ಕಣೋ. ಹೋದ ವರ್ಷ ನೀನು ಕಾಲೇಜಿಗೆ ಹೋದಾಗ ಒಂದು ಮಧ್ಯಾಹ್ನ ಬಂದು ಕೇಳ್ದೆ. ಅಕ್ಕಾ, ಈ ಕಟ್ಟಡದಲ್ಲೆಲ್ಲ ನಿಮ್ಮ ಕೋಣೆಯಷ್ಟು ನಿಶ್ಶಬ್ದ ಎಲ್ಲೂ ಇಲ್ಲ, ಒಂದು ಗಂಟೆ ರೆಕಾರ್ಡ್ ಮಾಡ್ಕೊಳ್ಳಲಾ ಅಂತ. ತಲೆ ಆಡಿಸಿದ್ರು. ಗಂಟೆ ಪೂರ್ತಿ ಕುರ್ಚೀಲಿ ಕೂತೇ ಇದ್ರು, ಪಾಪ. ಈಗ ಎಷ್ಟೋ ಜನ ಅದನ್ನ ಹಾಕ್ಕೊಂಡು ಧ್ಯಾನ ಮಾಡ್ತಾರೆ."

ಮಾಮ ತಮ್ಮ ಫೋನನ್ನು ಅವನ ಕಿವಿಗೆ ಹಿಡಿದರು. ಟಿಕ್... ಟಿಕ್... ಟಿಕ್... ಡೈರೆಕ್ಟರ್ ಮೆಲ್ಲಗೆ ಗೋಡೆಗೆ ಒರಗಿದ.

"ಇಡೀ ಗಂಟೆ ಕೊಡೋಕಾಗಲ್ಲಪ್ಪ," ಎಂದರು ಮಾಮ. "ಮಾತು ಬೆಳ್ಳಿ, ಮೌನ ಬಂಗಾರ. ಬಂಗಾರಾನ ಯಾರು ಇಡಿಯಾಗಿ ಕೊಡ್ತಾರೆ? ಒಂದು ನಿಮಿಷ ಕತ್ತರಿಸಿ ಕಳಿಸ್ತೀನಿ, ಯಾವುದು ಬೇಕೋ ಹೇಳು. ಹದಿನಾಲ್ಕನೇ ನಿಮಿಷ ಮಾತ್ರ ಬೇಡ. ಅಲ್ಲಿ ಅಕ್ಕ ಒಂದ್ಸಲ ಗಂಟಲು ಸರಿಮಾಡ್ಕೊಂಡಿದ್ದಾರೆ. ಏನೋ ಹೇಳೋಕೆ ಹೊರಟು ಸುಮ್ನಾಗ್ಬಿಟ್ರು. ಅಷ್ಟು ಜಾಗ ಸರಕು ಕೆಟ್ಟಿದೆ."

"ಮಾಮ, ಹದಿನಾಲ್ಕನೇದೇ ಕೊಡಿ."

ನಾಲ್ಕು ಗಂಟೆಗೆ ಚಿತ್ರ ಸಿದ್ಧವಾಯಿತು. ಖಾಲಿ ಕುರ್ಚಿ, ಟಿಕ್ ಟಿಕ್, ನಡುವೆ ಹೇಳದೆ ಉಳಿದ ಒಂದು ಮಾತಿನ ಸಣ್ಣ ಸದ್ದು. ಈಗ ಕುರ್ಚಿ ಖಾಲಿಯಾಗಿ ಕಾಣಲಿಲ್ಲ. ಅಪ್‌ಲೋಡ್ ಒತ್ತಿದ. ತುಂಬು ಬಸುರಿ ಮೆಟ್ಟಿಲು ಹತ್ತುವಂತೆ ಅಂಕಿ ಒಂದೊಂದಾಗಿ ಏರಿ, ನಾಲ್ಕು ನಲವತ್ತಕ್ಕೆ ನೂರು ಮುಟ್ಟಿತು. ಉಸ್ಸೆಂದು ಕೂರುವಷ್ಟರಲ್ಲಿ ತೆರೆಯ ಮೇಲೆ ಕೆಂಪು ಅಕ್ಷರ ಮೂಡಿತು:

'ನಿಮ್ಮ ವೀಡಿಯೊವನ್ನು ತಡೆಹಿಡಿಯಲಾಗಿದೆ. ಕೊನೆಯ ಒಂದು ನಿಮಿಷದ ಸದ್ದು ಬೇರೆಯವರ ಸ್ವತ್ತು.'

ಡೈರೆಕ್ಟರ್ ಎರಡೆರಡು ಮೆಟ್ಟಿಲು ಹಾರಿ ಕೆಳಮನೆಗೆ ಓಡಿದ. ಮಾಮ ಕಣ್ಣು ಮುಚ್ಚಿ ಕೂತಿದ್ದರು. ಒಂದೇ ಕಣ್ಣು ತೆರೆದರು.

"ಓ, ಅದಾ? ನಾನು ಅದನ್ನ ಒಂದು ಕಂಪನಿಗೆ ಬರ್ಕೊಟ್ಟಿದ್ದೀನಪ್ಪ. ಯಾರಾದ್ರೂ ಕದ್ರೆ ಅವರ ಮೆಷಿನ್ ತಾನಾಗೇ ಹಿಡಿಯುತ್ತೆ. ಪರವಾಗಿಲ್ವೇ, ನಿಜವಾಗ್ಲೂ ಹಿಡಿಯುತ್ತೆ!"

"ಮಾಮ, ನೀವೇ ಕೊಟ್ಟಿದ್ದು ಅಂತ ಅವರಿಗೆ ಹೇಳಿ!"

"ನನ್ನ ಮಾತು ಯಾರು ಕೇಳ್ತಾರೆ? ಹೋದ ತಿಂಗಳು ನಾನೇ ಹಾಕ್ಕೊಂಡಾಗ ನನ್ನನ್ನೂ ಹಿಡೀತು."

ನಾಲ್ಕು ಐವತ್ತು. ಓಡಿ ಬಂದು ತಕರಾರಿನ ಪುಟ ತೆರೆದ. 'ಈ ಸದ್ದಿನ ಮೇಲೆ ನಿಮಗೇನು ಹಕ್ಕು?' ಎಂದು ಕೇಳಿತ್ತು. ಅವನು ಬರೆದ: 'ಅದು ನಮ್ಮಮ್ಮ.'

'ಉತ್ತರ ತೀರಾ ಚಿಕ್ಕದಾಯಿತು,' ಎಂದಿತು ಯಂತ್ರ.

'ಅದು ನಮ್ಮಮ್ಮ ಏನೂ ಮಾತಾಡದೆ ಕೂತಿರುವುದು,' ಎಂದು ಬರೆದ.

'ಧನ್ಯವಾದ. ಮೂವತ್ತು ದಿನಗಳಲ್ಲಿ ಉತ್ತರಿಸುತ್ತೇವೆ.'

ಕೆಳಗೆ ಇನ್ನೆರಡು ದಾರಿ ಇದ್ದವು. ಒಂದು, ಆ ಜಾಗಕ್ಕೆ ತಮ್ಮ ಸಂಗ್ರಹದಿಂದ ಉಚಿತ ಉಲ್ಲಾಸದ ಸಂಗೀತ ಹಾಕಿಕೊಳ್ಳಬಹುದು. ಇನ್ನೊಂದು, ಆ ನಿಮಿಷದ ಸದ್ದನ್ನು ಅಳಿಸಿಹಾಕಬಹುದು. ಗಡಿಯಾರ ನಾಲ್ಕು ಐವತ್ತೈದು ತೋರಿಸುತ್ತಿತ್ತು. ಬೆಳಗಿನ ತುಣುಕು ಹಾಕಿ ಮತ್ತೆ ಏರಿಸಲು ಇನ್ನೂ ನಲವತ್ತು ನಿಮಿಷ ಬೇಕು. ಡೈರೆಕ್ಟರ್ ಬಹಳ ಹೊತ್ತು ನೋಡಿದ. ಬಹಳ ಹೊತ್ತು ಎಂದರೆ ಒಂದು ನಿಮಿಷ. ಆಮೇಲೆ ಅಮ್ಮನ ಮೌನವನ್ನು ಅಳಿಸಲು ಬೆರಳು ಒತ್ತಿದ. ತಡೆ ತೆರವಾಯಿತು. ನಾಲ್ಕು ಐವತ್ತೊಂಬತ್ತಕ್ಕೆ ಲಿಂಕ್ ಹೋಯಿತು.

ಐದೂ ಇಪ್ಪತ್ತಕ್ಕೆ ಮೇಷ್ಟ್ರ ಉತ್ತರ ಬಂತು: 'ಕೊನೆಯ ಒಂದು ನಿಮಿಷ ಸದ್ದು ಸತ್ತಿದೆ. ಬೆಳಿಗ್ಗೆ ಅಷ್ಟು ಹೇಳಿದರೂ ಹಾಗೇ ಕಳಿಸಿದ್ದೀಯ. ಮುಂದಿನ ವರ್ಷ ನೋಡೋಣ.'

ಅವನು ಫೋನನ್ನು ಅಪ್ಪನ ಕೈಗೆ ಕೊಟ್ಟ. ಓದಿ ಅಪ್ಪ ಬೈಯಲಿಲ್ಲ. ಚಿಕ್ಕಪ್ಪನಿಗೆ ಫೋನ್ ಮಾಡಿ, "ಸೋಮವಾರ ಒಂಬತ್ತಕ್ಕೆ ಬರ್ತಾನೆ, ಒಂಬತ್ತೂ ಕಾಲಲ್ಲ," ಎಂದು ಇಟ್ಟರು. ಆಮೇಲೆ ಬಂದು ಮಂಚದ ಮೇಲೆ, ಕುರ್ಚಿಗೆ ಎದುರಾಗಿ ಕೂತರು.

"ಆ ಕೆಳಮನೆಯವನ ಹತ್ರ ಗಂಟೆ ಪೂರ್ತಿ ಇದೆಯಂತಲ್ಲ?"

"ಇದೆ. ಅದನ್ನ ಬರೆಸ್ಕೊಂಡ ಕಂಪನಿಯವರು ಇಂಟರ್ನೆಟ್ಟಲ್ಲಿ ಹಾಕಿದ್ದಾರೆ. ಯಾರು ಬೇಕಾದ್ರೂ ಕೇಳ್ಬಹುದು."

"ಹಾಕು."

ಡೈರೆಕ್ಟರ್ ಫೋನನ್ನು ಕುರ್ಚಿಯ ಮೇಲಿಟ್ಟು ದನಿ ಪೂರ್ತಿ ಏರಿಸಿದ. ಮೌನವಲ್ಲವೇ, ಏರಿಸದಿದ್ದರೆ ಕೇಳಿಸದು. ಅಪ್ಪ ಹೊಸ ಫ್ಯಾನನ್ನು ಆರಿಸಿದರು. ಹಳೆಯ ಫ್ಯಾನು ತಿರುಗತೊಡಗಿತು. ಟಿಕ್... ಟಿಕ್... ಅಪ್ಪ ಕೈಗಡಿಯಾರ ನೋಡುತ್ತ ಕೂತರು. ಐದು ನಿಮಿಷ, ಹತ್ತು ನಿಮಿಷ. ಹದಿಮೂರು ದಾಟಿತು. ಇಬ್ಬರೂ ಮುಂದಕ್ಕೆ ಬಗ್ಗಿದರು.

ಆಗ ಒಮ್ಮೆಲೇ ಫೋನು ಕಟ್ಟಡ ನಡುಗುವಂತೆ ಅರಚಿತು: "ಬಿರುಕು ಬಿಡದ ಬಂಧ! ತಲೆಮಾರು ತಲೆಮಾರಿಗೂ ಅದೇ ಸಿಮೆಂಟ್!"

ಹೊರಗೆ ಮೆಟ್ಟಿಲಿಂದ ಸೆಕ್ರೆಟರಿಯ ಗಂಟಲು ಕೇಳಿತು: "ಡೈರೆಕ್ಟ್ರೇ, ಬೆಳಿಗ್ಗೆ ಊರಿಗೆಲ್ಲ ಮೌನ ಬೋಧಿಸಿ ಈಗ ನಿಮ್ಮದೇ ಗಲಾಟೆನಾ?" ಹಿಂದೆಯೇ ಉದ್ದಕ್ಕೆ ಸೀಟಿ. ಜಾಹೀರಾತು ಮುಗಿದದ್ದು, ಅಮ್ಮ ಗಂಟಲು ಸರಿಮಾಡಿಕೊಂಡದ್ದು ಎಲ್ಲವೂ ಆ ಸೀಟಿಯ ಅಡಿಯಲ್ಲಿ ಹೂತುಹೋದವು. ಮತ್ತೆ ಟಿಕ್... ಟಿಕ್... ಹದಿನೈದನೆಯ ನಿಮಿಷ.

"ಕೇಳಿಸ್ತಾ?" ಎಂದರು ಅಪ್ಪ.

"ಇಲ್ಲ."

"ಹಿಂದಕ್ಕೆ ಹಾಕು."

ಹಿಂದಕ್ಕೆ ಹಾಕಿದ. ಸಿಮೆಂಟಿನವನೂ ಮೊದಲಿಂದ ಶುರುಮಾಡಿದ. ಡೈರೆಕ್ಟರ್ ದನಿ ತಗ್ಗಿಸಲು ಕೈ ಚಾಚಿದ. ಅಪ್ಪ ಆ ಕೈ ಹಿಡಿದರು.

"ಇರ್ಲಿ, ಕೇಳಿಸ್ಕೋ," ಎಂದರು, ಖಾಲಿ ಕುರ್ಚಿಯನ್ನೇ ನೋಡುತ್ತ. "ಸೋಮವಾರದಿಂದ ನೀನು ಹೇಳ್ಬೇಕಾಗಿರೋದು ಇದನ್ನೇ."