ಮಗ್ಗದ ಕುಣಿಯ ವೈನ್

ನಮ್ಮ ಸೋದರಮಾವ ಜೀವಮಾನದಲ್ಲಿ ಒಂದು ಹನಿ ವೈನ್ ಕುಡಿದವನಲ್ಲ. ಆದರೆ ಬೆಟಗೇರಿಯಲ್ಲಿ ಅವನಷ್ಟು ಜನರಿಗೆ ವೈನ್ ಕುಡಿಸಿದ ಇನ್ನೊಬ್ಬನನ್ನು ತೋರಿಸಿದರೆ ನನ್ನ ಎಂ.ಎ. ಪದವಿಯನ್ನು ವಾಪಸ್ ಕೊಟ್ಟು ಬರುತ್ತೇನೆ. ಅದೂ ಸುಮ್ಮನೆ ಕುಡಿಸುವವನಲ್ಲ. ಸಂಜೆ ಬಿಸಿಲು ಇಳಿದ ಮೇಲೆ ಹಳೇ ಊರಿನ ಓಣಿ ಓಣಿ ಸುತ್ತಿಸಿ, ವೀರಗಲ್ಲುಗಳ ಮುಂದೆ ನಿಲ್ಲಿಸಿ, ಕಾಲು ಸೋತು ಬಾಯಿ ಒಣಗಿದ ಮೇಲೆ ಒಂದು ಸ್ಟೀಲಿನ ಲೋಟದ ಅರ್ಧದಷ್ಟು ಕೊಡುತ್ತಾನೆ. ಅಷ್ಟು ದಣಿದವರಿಗೆ ಹುಣಸೆಹಣ್ಣಿನ ಪಾನಕ ಕೊಟ್ಟರೂ ಅದೇ ಸ್ವರ್ಗ. ಆ ಮಾತು ಬೇರೆ.

ಈಚೆಗೆ ಯಾರಾದರೂ ಸೋಡಾ ಬಾಟಲಿ ತೆರೆದರೆ ನಾನು ತಲೆಯ ಮೇಲೆ ಸೆರಗು ಎಳೆದುಕೊಂಡು ಕುಕ್ಕರಗಾಲಲ್ಲಿ ಕೂತುಬಿಡುತ್ತೇನೆ. ಮೊನ್ನೆ ಕಾಲೇಜಿನ ಕ್ಯಾಂಟೀನಿನಲ್ಲೂ ಹಾಗೇ ಆಯಿತು. ಇತಿಹಾಸ ಕಲಿಸುವ ಮೇಡಂ ಮೇಜಿನ ಕೆಳಗೆ ಸೇರಿದ್ದನ್ನು ಕಂಡು ಹುಡುಗಿಯರು ನಕ್ಕರು. ನಗಲಿ. ಹಾಗೇಕೆ ಎಂಬುದಕ್ಕೆ ಆಮೇಲೆ ಬರುತ್ತೇನೆ. ಮೊದಲು ಮಾವನ ಹುಚ್ಚಿನ ಪರಿಚಯ ಆಗಬೇಕು.

ಮಾವ ನೇಕಾರ. ಮನೆಯ ನಡುಕೋಣೆಯಲ್ಲಿ ಕುಣಿಮಗ್ಗವಿದೆ. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು, ನೆಲಮಟ್ಟದಲ್ಲಿ ಕೂತು, ಎಡಗೈಯಿಂದ ಬಲಗೈಗೆ ನೂಲು ತುಂಬಿದ ಲಾಳಿ ಒಗೆಯುತ್ತ ಸೀರೆ ನೇಯುತ್ತಾನೆ. ಲಾಳಿಯಷ್ಟೇ ವೇಗದಲ್ಲಿ ಬಾಯಿಯೂ ಓಡುತ್ತದೆ. ಸೀರೆ ಕೊಳ್ಳಲು ಬಂದವರಿಗೆ ಸೀರೆ ತೋರಿಸುವ ಮೊದಲು ಊರು ತೋರಿಸುವುದು ಅವನ ಹಳೆಯ ಚಟ. ಒಮ್ಮೆ ಯುರೋಪಿನ ಕಡೆಯ ದಂಪತಿ ಮಗ್ಗ ನೋಡಲು ಬಂದರು. ತಮ್ಮ ಹಳೇ ಊರಿನಲ್ಲಿ ಸಂಜೆ ಹೀಗೇ ನಡೆದಾಡಿಸುತ್ತಾರೆ, ನಡುವೆ ಒಂದೊಂದು ಗ್ಲಾಸು ವೈನ್ ಕೊಡುತ್ತಾರೆ ಎಂದು ಅವರು ಹೇಳಿದ್ದೇ ತಡ, ಮಾವನ ಕಣ್ಣುಗಳು ಅರಳಿದವು.

"ಅವರ ಊರು ಎಷ್ಟು ಹಳೇದು?" ಎಂದು ನನ್ನನ್ನು ಕೇಳಿದ. ದುಭಾಷಿ ನಾನೇ.

"ಏಳೆಂಟುನೂರು ವರ್ಷ ಆಗಿರಬೇಕು, ಮಾವ."

"ಅಷ್ಟಕ್ಕ ವೈನ್ ಕೊಡ್ತಾರ? ಹಂಗಾರ ನಮ್ಮೂರಿಗೆ ಬ್ಯಾರೆಲ್ ಕೊಡಬೇಕಲ್ಲ ಬಾಯಾರ."

ನಾನು ಕಾಲೇಜಿನಲ್ಲಿ ಪಾಠ ಮಾಡಲು ಸೇರಿದಾಗಿನಿಂದ ಮಾವ ನನ್ನನ್ನು ಕರೆಯುವುದು ಹೀಗೇ, ಬಾಯಾರ ಎಂದು. ಶಾಲೆಯ ಟೀಚರಮ್ಮನಿಗೆ ನಮ್ಮ ಕಡೆ ಹೇಳುವ ಮರ್ಯಾದೆಯ ಮಾತು ಅದು. ಮಾವನ ಬಾಯಲ್ಲಿ ಅದರಲ್ಲಿ ಮರ್ಯಾದೆ ಎಷ್ಟು, ಕೀಟಲೆ ಎಷ್ಟು ಎಂದು ಯಾವ ಸಂಶೋಧನೆಯಿಂದಲೂ ಗೊತ್ತಾಗಲಾರದು.

ಮರುದಿನವೇ ಮಾವ ವೈನ್ ಶಾಪಿಗೆ ಹೋದ. ಅಂಗಡಿಯ ಹೆಸರಿನಲ್ಲೇ ವೈನ್ ಇದೆಯಲ್ಲ! ಧೋತರದ ಚುಂಗು ಕೈಯಲ್ಲಿ ಹಿಡಿದು, ಓಣಿಯವರು ಯಾರೂ ನೋಡುತ್ತಿಲ್ಲವೆಂದು ನಾಲ್ಕೂ ದಿಕ್ಕು ನೋಡಿ, ಗಟ್ಟಿ ದನಿಯಲ್ಲಿ ವೈನ್ ಕೊಡಲು ಕೇಳಿದನಂತೆ. ಅಂಗಡಿಯವನು ಗಲಿಬಿಲಿಗೊಂಡು, "ಕಾಕಾರ, ಅದೊಂದು ಬಿಟ್ಟು ಮತ್ತ ಏನ ಬೇಕಾದ್ರೂ ಕೇಳ್ರಿ" ಎಂದನಂತೆ. ಕೊನೆಗೆ ಹುಬ್ಬಳ್ಳಿಯಿಂದ ವಿಜಯಪುರದ ದ್ರಾಕ್ಷಿಯ ವೈನ್ ತರಿಸಿದ್ದಾಯಿತು.

ತಂದದ್ದನ್ನು ಇಡುವುದೆಲ್ಲಿ? ಅತ್ತೆ ಬಾಗಿಲಲ್ಲೇ ಅಡ್ಡ ನಿಂತಳು.

"ಅಡಿಗಿಮನಿಗೆ ತರಬ್ಯಾಡ್ರಿ. ದೇವರ ಮಾಡದ ಹತ್ರ ತರಬ್ಯಾಡ್ರಿ. ಪಡಸಾಲ್ಯಾಗ ಇಟ್ರ ಬಂದವರು ನೋಡ್ತಾರ."

"ಮತ್ತ ನನ್ನ ತಲಿ ಮ್ಯಾಲ ಇಟ್ಕೊಂಡು ತಿರಗ್ಲೇನ?"

"ಅಲ್ಲೂ ಬ್ಯಾಡ. ಅದು ಮೊದಲ ನೆಟ್ಟಗಿಲ್ಲ."

ಮಾವ ಒಂದು ಗಳಿಗೆ ಯೋಚಿಸಿ ಬಾಟಲಿಗಳನ್ನು ಮಗ್ಗದ ಕುಣಿಯೊಳಗೆ ಇಳಿಸಿಬಿಟ್ಟ. ನೆಲದೊಳಗಿನ ತಂಪು, ಬೆಳಕಿಲ್ಲ, ಯಾರ ಕಣ್ಣಿಗೂ ಬೀಳುವುದಿಲ್ಲ. ಆ ಯುರೋಪಿನವರು ಲಕ್ಷಗಟ್ಟಲೆ ಸುರಿದು ನೆಲಮಾಳಿಗೆ ಕಟ್ಟಿಸುತ್ತಾರಂತೆ. ನಮ್ಮ ಮಾವ ಸೀರೆ ನೇಯುತ್ತಲೇ ಕಾಲಿನ ಹೆಬ್ಬೆರಳಿನಿಂದ ಬಾಟಲಿ ಮುಟ್ಟಿ, "ಇವತ್ತ ಹದಾ ಆಗೈತಿ" ಎಂದು ಹೇಳುತ್ತಿದ್ದ!

ಇನ್ನು ಕುಡಿಸುವ ಜಾಗ. ಮಾವನದು ಕಟ್ಟುನಿಟ್ಟಿನ ನಿಯಮ: ಗುಡಿ, ಮಸೀದಿ, ಬಸದಿ ಯಾವುದೂ ಕಣ್ಣಿಗೆ ಬೀಳದ ಕಡೆ ಮಾತ್ರ ಬಿರಡೆ ತೆಗೆಯಬೇಕು. ನಿಯಮವೇನೋ ಚೆನ್ನ. ಆದರೆ ಹಳೇ ಊರಿನಲ್ಲಿ ಅಂಥ ಜಾಗ ಎಲ್ಲಿದೆ? ಗುಡಿಗೆ ಬೆನ್ನು ತಿರುಗಿಸಿದರೆ ದರ್ಗಾ, ದರ್ಗಾ ದಾಟಿದರೆ ಕಟ್ಟೆಯ ಮೇಲೆ ಹನುಮಪ್ಪ. ಮಾವನ ಗೆಳೆಯ ಮೌಲಾಸಾಬ್ ಕಾಕಾ ಕೊನೆಗೆ ದಾರಿ ತೋರಿಸಿದ. ಕಾಕಾ ಆಟೋ ಓಡಿಸುತ್ತಾನೆ, ಜೊತೆಗೆ ಮದುವೆ ಮುಂಜಿಗಳಿಗೆ ಜಮಖಾನೆ ಬಾಡಿಗೆ ಕೊಡುತ್ತಾನೆ. ಮಾವನ ಬಾಟಲಿ, ಬುಟ್ಟಿ ಹೊತ್ತು ತರುವುದೂ, ಅತಿಥಿಗಳು ಕೂಡಲು ದೊಡ್ಡ ಜಮಖಾನೆ ಹಾಸುವುದೂ ಅವನದೇ ಕೆಲಸ.

"ಊರ ಹೊರಗಿನ ಹಳೇ ಅಗಸಿ ಐತಲ್ಲ, ಅಲ್ಲಿಂದ ಏನೂ ಕಾಣಂಗಿಲ್ಲ" ಎಂದ ಕಾಕಾ. ಅಗಸಿ ಎಂದರೆ ಹಿಂದಿನ ಕಾಲದ ಊರಬಾಗಿಲು. ನಮ್ಮದು ಕಮಾನು ಒಂದನ್ನು ಉಳಿಸಿಕೊಂಡು ಉಳಿದದ್ದನ್ನೆಲ್ಲ ಕಳೆದುಕೊಂಡಿದೆ. ಎರಡೂ ಬದಿಗೆ ಕಲ್ಲುಮುಳ್ಳು ತುಂಬಿದ ಆಳವಾದ ಕಂದಕ. "ಆದ್ರ ಕಮಾನಿನಾಗ ಹೆಜ್ಜೇನು ಕಟ್ಟ್ಯಾವು ನೋಡಪಾ."

"ಕಟ್ಲಿ ಬಿಡೋ. ಅವು ಯಾ ಜಾತಿಯವೂ ಅಲ್ಲ, ಯಾ ಧರ್ಮದವೂ ಅಲ್ಲ. ನಾವು ಕುಡಿದ್ರ ಅವಕ್ಕೇನು ಸಿಟ್ಟು?" ಎಂದ ಮಾವ.

ಈ ಮಾತನ್ನು ನೆನಪಿನಲ್ಲಿಟ್ಟುಕೊಳ್ಳಿ.

ನನಗೂ ಮಾವನಿಗೂ ನಿತ್ಯದ ಜಗಳ ವೀರಗಲ್ಲಿನದು. ಬೆಟಗೇರಿಯ ವೀರಗಲ್ಲುಗಳು ನಾಡಿಗೆಲ್ಲ ಗೊತ್ತು. ಊರಿಗಾಗಿ, ದನಕರುಗಳಿಗಾಗಿ ಹೋರಾಡಿ ಸತ್ತವರ ನೆನಪಿಗೆ ನಿಲ್ಲಿಸಿದ ಕಲ್ಲುಗಳವು. ಕೆಳಗಿನ ಸಾಲಿನಲ್ಲಿ ಯುದ್ಧ, ನಡುವೆ ವೀರನನ್ನು ಎತ್ತಿಕೊಂಡು ಹೋಗುವ ದೇವಕನ್ಯೆಯರು, ಮೇಲೆ ಕೈಲಾಸ. ಮಾವ ಮೂಲೆಯಲ್ಲಿರುವ ಸವೆದ ಕಲ್ಲೊಂದರ ಮುಂದೆ ಎಲ್ಲರನ್ನೂ ನಿಲ್ಲಿಸಿ ತನ್ನ ಪುರಾಣ ಶುರು ಮಾಡುತ್ತಿದ್ದ. ಈ ವೀರ ನೇಕಾರನಂತೆ. ಮಗ್ಗದಲ್ಲಿ ಕೂತಿದ್ದಾಗ ಕಳ್ಳರು ಊರಿಗೆ ನುಗ್ಗಿದರಂತೆ. ಕತ್ತಿ ಹುಡುಕಲು ಪುರುಸೊತ್ತಿಲ್ಲದೆ ಕುಣಿಯಿಂದ ಜಿಗಿದು, ಕೈಯಲ್ಲಿದ್ದ ಲಾಳಿಯಿಂದಲೇ ಹೋರಾಡಿದನಂತೆ.

"ಮಾವ, ಅದಕ್ಕ ಆಧಾರ ಇಲ್ಲ. ಕೈಯಾಗಿರೋದು ಕತ್ತಿ" ಎಂದು ನಾನು ಅತಿಥಿಗಳ ಮುಂದೆಯೇ ಹೇಳುತ್ತಿದ್ದೆ.

"ಲಾಳಿನ. ಸವೆದು ಸವೆದು ಕತ್ತಿ ಹಂಗ ಕಾಣತೈತಿ."

"ಕಲ್ಲಿನ ಮ್ಯಾಲ ಎಲ್ಲಿ ಬರದೈತಿ ನೇಕಾರ ಅಂತ?"

"ಬರಿಯೋ ಹೊತ್ತಿನ್ಯಾಗ ನೀ ಇದ್ದೇನು? ನೋಡೀಯೇನು? ನೋಡದವರು ಸುಮ್ನಿರಬೇಕು."

"ನೀ ನೋಡೀಯೇನು ಮತ್ತ?"

"ನಮ್ಮ ಪೈಕಿಯವ ಅದಾನ. ನೋಡೂದೇನ್ ಬಂತು?"

ಅತಿಥಿಗಳು ನನ್ನ ಕಡೆ ಅಯ್ಯೋ ಪಾಪ ಎಂಬಂತೆ ನೋಡಿ, ಮಾವನ ಲಾಳಿಗೆ ಚಪ್ಪಾಳೆ ತಟ್ಟುತ್ತಿದ್ದರು. ಇತಿಹಾಸ ಎನ್ನುವ ಶಾಸ್ತ್ರ ಬೆಟಗೇರಿಯಲ್ಲಿ ಎಷ್ಟು ಸಲ ಸೋತಿದೆ ಎನ್ನುವುದಕ್ಕೆ ನಾನೇ ಶಾಸನ.

ಈಗ ಆ ಸಂಜೆಗೆ ಬರುತ್ತೇನೆ.

ಅಂದಿನ ಗುಂಪಿನಲ್ಲಿ ಧಾರವಾಡದ ಒಬ್ಬ ನಿವೃತ್ತ ಬ್ಯಾಂಕ್ ಅಧಿಕಾರಿ ಮತ್ತು ಅವರ ಹೆಂಡತಿ ಇದ್ದರು. ಅವರ ಮದುವೆಯ ವಾರ್ಷಿಕೋತ್ಸವ. ಬುರುಬುರು ನೊರೆ ಉಕ್ಕುವ ಒಂದು ವೈನ್ ಬಾಟಲಿಯನ್ನು ಅವರು ಮೊದಲೇ ಕಳುಹಿಸಿದ್ದರು. ಅದೂ ಕುಣಿ ಸೇರಿತು. ಅಂಥ ಬಾಟಲಿಯ ಬಿರಡೆ ಹಾರದಿರಲೆಂದು ಕೊರಳಿಗೆ ತಂತಿ ಬಿಗಿದಿರುತ್ತಾರಲ್ಲ, ಕಸ ಗುಡಿಸಲು ಬಂದ ಅತ್ತೆಗೆ ಆ ತಂತಿ ಕಣ್ಣಿಗೆ ಬಿತ್ತು. ಒಳ್ಳೆಯ ತಂತಿ. ದಂಡವಾಗುವುದೇಕೆ? ಬಿಚ್ಚಿ, ಮಗ್ಗದ ಮೇಲೆ ಜೋತಾಡುತ್ತಿದ್ದ ಬಲ್ಬನ್ನು ಅದರಿಂದ ಬಿಗಿದು ಕಟ್ಟಿದಳು.

ಹೊರಡುವ ಹೊತ್ತಿಗೆ ಮಾವ ನೋಡುತ್ತಾನೆ, ಬಿರಡೆಗೆ ಕಾವಲಿಲ್ಲ. ಅವನೇನು ಎದೆಗುಂದುವವನೇ? ಮಗ್ಗದ ನೂಲು ತೆಗೆದುಕೊಂಡು ಸುತ್ತಿ ಸುತ್ತಿ ನೇಕಾರರ ಗಂಟು ಹಾಕಿದ. "ಈ ಗಂಟು ಬಿಚ್ಚಾಕ ಬ್ರಹ್ಮ ಬರಬೇಕು" ಎಂದ. ಕಾಕಾನ ಆಟೋದಲ್ಲಿ ಆ ಬಾಟಲಿ ನಮ್ಮೂರ ರಸ್ತೆಯ ತಗ್ಗುದಿನ್ನೆಗಳನ್ನೆಲ್ಲ ಹತ್ತಿಳಿಯುತ್ತ ಅಗಸಿ ಮುಟ್ಟಿತು. ಕಾಕಾ ಜಮಖಾನೆ ಹಾಸಿ, ಬುಟ್ಟಿ ಇಳಿಸಿ, ಆಟೋ ನಿಲ್ಲಿಸಲು ರಸ್ತೆಯ ಕಡೆ ಹೋದ. ನಾವು ಕಮಾನಿನ ಕೆಳಗೆ ಕೂತೆವು. ಬಿಸಿ ಬದನೆಕಾಯಿ ಬಜ್ಜಿ ಕೈಗೆ ಬಂತು. ಸೂರ್ಯ ಇನ್ನೂ ಪೂರ್ತಿ ಇಳಿದಿರಲಿಲ್ಲ.

ಮಾವ ಎದ್ದು ನಿಂತು ಗಂಟಿಗೆ ಕೈ ಹಾಕಿದ. ಬಿಚ್ಚಲಿಲ್ಲ. ಬ್ರಹ್ಮನೂ ಬರಲಿಲ್ಲ. ಆಗ ಮಾವ, ದಿನಾ ಮಗ್ಗದಲ್ಲಿ ಮಾಡುವ ಹಾಗೆ, ಎಳೆಯನ್ನು ಹಲ್ಲಿನಿಂದ ಕಟ್ಟನೆ ಕಡಿದ.

ಬಿರಡೆ ಹಾರಿತು. ಮಾವನ ಮೂಗಿನ ಪಕ್ಕದಿಂದ ನೇರ ಮೇಲಕ್ಕೆ, ಕಮಾನಿನ ಕಪ್ಪನೆಯ ಜೇನುಹುಟ್ಟಿನ ನಡುಮಧ್ಯಕ್ಕೆ. ಅತಿಥಿಗಳು ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆ ಮುಗಿಯುವ ಮೊದಲು ಕಮಾನು ಗುಂಯ್ ಎಂದಿತು.

"ಯಾರೂ ಓಡಬ್ಯಾಡ್ರಿ, ಎರಡೂ ಕಡೆ ಕಂದಕ ಐತಿ" ಎಂದು ಮಾವ ಕೂಗಿದ. "ಜಮಖಾನಿ ಹೊದ್ಕೊಂಡು ಮಲಕೋರಿ." ಹಿಡಿದು ಎಳೆದು, ಒಬ್ಬರ ಮೇಲೊಬ್ಬರನ್ನು ಕೆಡವಿ, ಜಮಖಾನೆಯನ್ನು ನಮ್ಮ ಮೇಲೆ ಎಳೆದ. ನಾನು ಅವನ ತೋಳು ಹಿಡಿದೆ. "ಮಾವ, ನೀನೂ ಬಾ." ಅವನು ನನ್ನ ತಲೆಯ ಮೇಲೆ ಕೈಯಿಟ್ಟು ಒಳಕ್ಕೆ ಅದುಮಿದ. "ಅಂಚು ಒತ್ತಿ ಹಿಡಿಯೋರು ಹೊರಗ ಬೇಕಲೇ." ಆ ಕೈಯ ಭಾರ ಈಗಲೂ ನನ್ನ ನೆತ್ತಿಯ ಮೇಲಿದೆ. ದಿನಕ್ಕೆ ಎಷ್ಟೋ ಸಲ ಆ ತೋಳು ಹಿಡಿಯುತ್ತೇನೆ, ಪ್ರತಿಸಲವೂ ಅದು ಜಾರಿಹೋಗುತ್ತದೆ.

ಒಳಗೆ ಕತ್ತಲೆ. ನುಸಿಗುಳಿಗೆಯ ವಾಸನೆ, ಚೆಲ್ಲಿದ ವೈನಿನ ವಾಸನೆ, ಯಾರದೋ ಮೊಣಕಾಲ ಕೆಳಗೆ ನಜ್ಜುಗುಜ್ಜಾದ ಬಜ್ಜಿ. ಜಮಖಾನೆಯ ಮೇಲೆ ಆಲಿಕಲ್ಲು ಬಿದ್ದ ಹಾಗೆ ಹುಳು ಬಡಿಯುತ್ತಿದ್ದವು. ಮಾವ ಸುತ್ತ ಓಡಾಡಿ ಅಂಚಿನ ಮೇಲೆ ಕಲ್ಲು ಹೇರುವುದು ಕೇಳುತ್ತಿತ್ತು. ಬ್ಯಾಂಕ್ ಅಧಿಕಾರಿಯ ಹೆಂಡತಿ ಅಳುತ್ತ, ತಾನು ಓಡಿಹೋಗುತ್ತೇನೆಂದು ಏಳತೊಡಗಿದರು. ಒಬ್ಬರು ಎದ್ದರೆ ಎಲ್ಲರೂ ಏಳುತ್ತಿದ್ದೆವು. ಎದ್ದರೆ ಕಂದಕ.

ಆಗ ಹೊರಗಿನಿಂದ ದನಿ ಬಂತು.

"ಅವ್ವಾರ, ಕುಂಡ್ರಿ. ಕಥಿ ಇನ್ನೂ ಮುಗಿದಿಲ್ಲ. ಆ ನೇಕಾರ ಅದಾನಲ್ಲ, ಅಂವ ಮಗ್ಗದಾಗ ಕೂತಿದ್ದ..."

ನಂಬಿ. ಹೆಜ್ಜೇನಿನ ನಡುವೆ ನಿಂತು ನಮ್ಮ ಮಾವ ವೀರಗಲ್ಲಿನ ಕಥೆ ಹೇಳತೊಡಗಿದ್ದ. ಕಳ್ಳರು ಬಂದರು. ದನ ಹೊಡೆದುಕೊಂಡು ಹೊರಟರು. ಪ್ರತಿ ಮಾತಿಗೂ ನಡುವೆ ಒಂದು ಸಣ್ಣ 'ಹಾ' ಎಂಬ ನೋವು. ಆ ಅಮ್ಮ ಅಳು ನುಂಗಿ ಕೂತರು. ಎಲ್ಲರೂ ಕೂತೆವು. ಕಥೆಯ ನೇಕಾರ ಕುಣಿಯಿಂದ ಜಿಗಿದ. ಲಾಳಿ ಹಿಡಿದ. ಮಾತು ದಪ್ಪಗಾಗುತ್ತ ಬಂತು, ಬಾಯಿತುಂಬ ಎಲೆಅಡಿಕೆ ಹಾಕಿಕೊಂಡವರ ಮಾತಿನ ಹಾಗೆ. ಅಕ್ಷರಗಳು ಒಂದಕ್ಕೊಂದು ಅಂಟಿಕೊಂಡವು. ಆಮೇಲೆ ದನಿ ನಿಂತಿತು.

ನಾನು ಹುಟ್ಟಿದಾಗಿನಿಂದ ಮಾವ ಸುಮ್ಮನಿದ್ದದ್ದನ್ನು ಕೇಳಿರಲಿಲ್ಲ. ಅದೇ ಮೊದಲು.

ಅಷ್ಟರಲ್ಲಿ ಮೌಲಾಸಾಬ್ ಕಾಕಾ ತಲೆಗೆ ಗೋಣಿಚೀಲ ಹೊದ್ದು, ಹಸಿ ಬೇವಿನ ಸೊಪ್ಪಿಗೆ ಬೆಂಕಿ ಹಚ್ಚಿ ಹೊಗೆ ಎಬ್ಬಿಸುತ್ತ ಬಂದ. ಹುಳು ಚದುರಿದವು. ಜಮಖಾನೆ ಸರಿಸಿದಾಗ ಮಾವ ಅದರ ಅಂಚಿನ ಮೇಲೆಯೇ ಅಡ್ಡ ಬಿದ್ದಿದ್ದ, ಕೊನೆಯ ಕಲ್ಲಿನ ಬದಲು ತಾನೇ ಕಲ್ಲಾಗಿ.

"ನನ್ನ ಜಮಖಾನಿ ಖರಾಬ್ ಮಾಡಿದೆಲ್ಲೋ ದೋಸ್ತ, ಏಳು. ಏಳಪಾ" ಎನ್ನುತ್ತ ಕಾಕಾ ಅವನನ್ನು ಎತ್ತಿಕೊಂಡ. ಆಟೋ ಆಸ್ಪತ್ರೆ ಮುಟ್ಟುವವರೆಗೂ ಅದೇ ಮಾತು ಹೇಳುತ್ತಲೇ ಇದ್ದ.

ಮಾವನಿಗೆ ಉಸಿರಾಡಲು ಆಗುತ್ತಿರಲಿಲ್ಲ. ಇಂಜೆಕ್ಷನ್, ಆಮ್ಲಜನಕ, ಸಲೈನ್. ಡಾಕ್ಟರು ಹುಳುಗಳ ಮುಳ್ಳು ಕೀಳುತ್ತಲೇ ಇದ್ದರು. ಅತ್ತೆ ಗೋಡೆಗೆ ಒರಗಿ ನಿಂತಿದ್ದಳು. "ಇವರ ಬಾಯಿ ಒಂದ ದಿನಾ ಬಂದ್ ಆಗ್ಲಿ ಅಂತ ಬೇಡ್ಕೊಂಡಿದ್ದೆ ನೋಡ" ಎಂದಳು ನನಗೆ. "ದೇವರಿಗೆ ಚ್ಯಾಷ್ಟಿ ತಿಳಿಯಂಗಿಲ್ಲೇನ?"

ಮೂರನೆಯ ದಿನ ಡಾಕ್ಟರು ಜೀವಕ್ಕೆ ಭಯವಿಲ್ಲ ಎಂದರು. ಮುಖ ಬಾತು ಕುಂಬಳಕಾಯಿಯಾಗಿತ್ತು. ಕಣ್ಣು ತೆರೆಯಲಾಗದು, ತುಟಿ ಅಲುಗಿಸಲಾಗದು. ಆದರೆ ಕಿವಿ ಕೇಳುತ್ತದೆ, ಏನಾದರೂ ಮಾತಾಡಿಸುತ್ತಿರಿ ಎಂದರು.

ಏನು ಮಾತಾಡುವುದು? ಮಾವನ ಮುಂದೆ ಮಾತಾಡುವ ಅವಕಾಶ ನನಗೆ ಯಾವತ್ತೂ ಸಿಕ್ಕಿರಲಿಲ್ಲ. ಕೊನೆಗೆ ಪಾಠ ಮಾಡುವ ರೂಢಿಯಂತೆ ಶುರು ಮಾಡಿದೆ. "ಮಾವ, ನಮ್ಮೂರಾಗ ಒಂದು ವೀರಗಲ್ಲು ಐತಿ. ಕೆಳಗ ಯುದ್ಧ, ನಡುವ ದೇವಕನ್ಯೆಯರು, ಮ್ಯಾಲ ಕೈಲಾಸ. ಆ ವೀರ ಯಾರು ಅನ್ನೋದು ಯಾರಿಗೂ ಗೊತ್ತಿಲ್ಲ. ಕೈಯಾಗ ಒಂದು ಕತ್ತಿ ಐತಿ."

ಸಲೈನ್ ಹಚ್ಚಿದ ಕೈ ಹಾಸಿಗೆಯ ಮೇಲೆ ಸಣ್ಣಗೆ ಅಲುಗಿತು. ಎಡಕ್ಕೆ, ಬಲಕ್ಕೆ. ಮತ್ತೆ ಎಡಕ್ಕೆ.

ನಾನು ಗಾಬರಿಯಾಗಿ ನರ್ಸನ್ನು ಕರೆಯಲು ಎದ್ದೆ. ಅತ್ತೆ ನನ್ನ ಸೆರಗು ಹಿಡಿದು ಕೂರಿಸಿದಳು.

"ಏನಾಗಿಲ್ಲ, ಕುಂಡ್ರು. ಲಾಳಿ ಒಗ್ಯಾಕತ್ತಾರ."

ನಾನು ಆ ಕೈ ಹಿಡಿದುಕೊಂಡೆ. ಈ ಸಲ ಜಾರಲಿಲ್ಲ.

"ಆತು ಮಾವ, ಕತ್ತಿ ಅಲ್ಲ" ಎಂದೆ. "ಅಂವ ನೇಕಾರನ. ಕೈಯಾಗ ಇದ್ದದ್ದು ಲಾಳಿನ. ನಾ ನೋಡೀನಿ."